ಮಾವನ ಐದನೇ ಪ್ರಶ್ನೆ

೧೯೫೭, ಜುಲೈ ಏಳು, ಭಾನುವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ನನ್ನ ದಿನಚರಿಯಲ್ಲಿ ಈ ಪುರಾಣ ಶುರುವಾಗುವುದು ಅಲ್ಲಿಂದ.

ನಮ್ಮ ಸೋದರಮಾವನಿಗೆ ಕಾರು ಓಡಿಸಲು ಬರುವುದಿಲ್ಲ. ಕಾರಿನೊಳಗೆ ಕೂರಲೂ ಬರುವುದಿಲ್ಲ! ಯಾರು ಎಷ್ಟು ಕರೆದರೂ, “ನೀವು ನಡೀರಿ, ನಾನು ಸೈಕಲ್ಲಲ್ಲಿ ಬರ್ತೀನಿ” ಎಂದುಬಿಡುತ್ತಾನೆ. ಅವನ ಉದ್ಯೋಗ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವುದು. ಆದರೂ ರಾಜಾಜಿನಗರದಲ್ಲಿ ಯಾರ ಕಾರು ಹಟ ಹಿಡಿದು ನಿಂತರೂ ಹೇಳಿ ಕಳಿಸುವುದು ನಮ್ಮ ಮನೆಗೆ. ಇದನ್ನು ನಂಬುವುದು ಹೇಗೆ? ನನಗೂ ನಂಬಿಕೆ ಇರಲಿಲ್ಲ. ಅದಕ್ಕೇ ಲೆಕ್ಕ ಇಡಲು ಶುರುಮಾಡಿದೆ.

ಆ ಭಾನುವಾರ ನಿಂತದ್ದು ಎದುರುಮನೆ ಕಂಟ್ರಾಕ್ಟರ ಕಾರು. ರಾತ್ರಿಯಿಡೀ ಜಿಟಿಜಿಟಿ ಮಳೆ. ತಳ್ಳಿದವರು ಏಳು ಜನ, ಸಲಹೆ ಕೊಟ್ಟವರು ಹತ್ತೊಂಬತ್ತು. ಹ್ಯಾಂಡಲ್ ತಿರುವಿ ತಿರುವಿ ಕಂಟ್ರಾಕ್ಟರ ಬನಿಯನ್ ಮಳೆಯಿಲ್ಲದೆಯೇ ನೆನೆದಿತ್ತು. ಆಗ ಬಂದ ನಮ್ಮ ಮಾವ, ಕೈಯಲ್ಲಿ ಅಜ್ಜಿಯ ಮುದ್ದೆ ಕೋಲು ಹಿಡಿದು!

ಮಾವ ಬಾನೆಟ್ ಮುಟ್ಟುವುದಿಲ್ಲ. ಮೊದಲು ಐದು ಪ್ರಶ್ನೆ ಕೇಳುತ್ತಾನೆ. ಯಾವಾಗಲೂ ಐದೇ, ಅದೇ ಕ್ರಮದಲ್ಲಿ.

“ಪೆಟ್ರೋಲ್ ಇದೆಯಾ ಸಾರ್?”

“ಇದೆ.”

“ರಾತ್ರಿ ಗಾಡಿ ಎಲ್ಲಿ ನಿಂತಿತ್ತು?”

“ಬೀದೀಲಿ. ಇನ್ನೇನು, ನಡುಮನೇಲಿ ಮಲಗಿಸ್ಕೋಬೇಕಿತ್ತಾ?”

“ನಿಲ್ಲೋ ಮುಂಚೆ ಕೆಮ್ಮಿತಾ, ಬಿಕ್ಕಳಿಸಿತಾ, ಇಲ್ಲಾ ಇದ್ದಕ್ಕಿದ್ದ ಹಾಗೆ ಉಸಿರು ಬಿಡ್ತಾ?”

“ಬೆಳಗ್ಗೆಯಿಂದ ಉಸಿರೇ ಎತ್ತಿಲ್ಲ.”

“ನನಗಿಂತ ಮುಂಚೆ ಯಾರು ಯಾರು ಕೈ ಹಾಕಿದ್ರು?”

ಹತ್ತೊಂಬತ್ತು ಜನ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಐದನೆಯದು.

“ಯುದ್ಧದ ಕಾಲದಲ್ಲಿ, ಪೆಟ್ರೋಲ್ ಸಿಗದಾಗ, ಈ ಗಾಡಿ ಇದ್ದಿಲು ಗ್ಯಾಸ್ ಮೇಲೆ ಮಾಗಡಿ ರಸ್ತೇಲಿ ಬಾಡಿಗೆಗೆ ಓಡಿತ್ತಾ?”

ಕಂಟ್ರಾಕ್ಟರು ಕೆಂಪಾದರು. “ಏನ್ರೀ, ನನ್ನ ಗಾಡೀನ ಬಾಡಿಗೆ ಗಾಡಿ ಅಂತೀರಾ? ಮೊದಲಿಂದ ಒಬ್ಬನೇ ಯಜಮಾನನ ಕೈಲಿದ್ದ ಗಾಡಿ ಇದು!”

“ಹಾಗಾದ್ರೆ ಇದಲ್ಲ ಬಿಡಿ,” ಎಂದ ಮಾವ, ಸಣ್ಣ ದನಿಯಲ್ಲಿ. ಮುದ್ದೆ ಕೋಲಿನ ಒಂದು ತುದಿ ಎಂಜಿನ್ನಿನ ಮೇಲಿಟ್ಟ, ಇನ್ನೊಂದು ತುದಿ ಕಿವಿಗೆ. “ತಿರುವಿ.” ತಿರುವಿದರು. “ನಿಲ್ಲಿಸಿ.” ಕಪ್ಪನೆಯ ಒಂದು ಮುಚ್ಚಳ ಬಿಚ್ಚಿ, ನೇರ ನಮ್ಮ ಅಡುಗೆಮನೆಗೆ ತಂದು, ಒಲೆಕಟ್ಟೆಯ ಮೇಲೆ ಹಪ್ಪಳ ಒಣಗಿಸುವಂತೆ ಹಾಕಿದ. ಕಿಡಿ ಹಂಚುವ ಮುಚ್ಚಳವಂತೆ. ಒಳಗೆ ತೇವ ಕೂತರೆ ಕಿಡಿಯೇ ಬೀಳುವುದಿಲ್ಲವಂತೆ. ಹನ್ನೊಂದು ನಿಮಿಷದ ಮೇಲೆ ಕಾರು ಗುರ್ರ್ ಎಂದಿತು! ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು.

ತಟ್ಟದೆ ಇದ್ದವಳು ಅಜ್ಜಿ ಒಬ್ಬಳೇ. “ನನ್ನ ಮುದ್ದೆ ಕೋಲು ಎಲ್ಲೋ? ಒಲೆ ಮೇಲೆ ಎಸರು ಕುದೀತಿದೆ, ಇವನು ಕಾರಿನ ಹೊಟ್ಟೆ ತಿವೀತಾ ನಿಂತವ್ನೆ!” ಅಂದಿನ ಮುದ್ದೆಗೆ ಪೆಟ್ರೋಲ್ ವಾಸನೆ. ಅಂಥ ಮುದ್ದೆ ನವೆಂಬರ್‌ವರೆಗೆ ಒಟ್ಟು ಒಂಬತ್ತು ಉಂಡೆವು.

ನವೆಂಬರ್‌ವರೆಗೆ ಮಾವ ನೋಡಿದ ಕಾರುಗಳು ಇಪ್ಪತ್ತಮೂರು. ಸ್ಟಾರ್ಟ್ ಆದದ್ದು ಇಪ್ಪತ್ತೊಂದು. ಉಳಿದೆರಡರಲ್ಲಿ ಒಂದರ ಯಜಮಾನರು ಕೀಲಿಕೈ ಕಳೆದುಕೊಂಡಿದ್ದರು. ಇನ್ನೊಂದರಲ್ಲಿ ಎಂಜಿನ್ನೇ ಇರಲಿಲ್ಲ! ಒಬ್ಬ ನಿವೃತ್ತ ಹೆಡ್‌ಮಾಸ್ತರರು ಮೊದಲ ಪ್ರಶ್ನೆಗೇ ಸಿಟ್ಟಾದರು: “ಪೆಟ್ರೋಲ್ ಇದೆಯಾ ಅಂತ ನನ್ನನ್ನೇ ಕೇಳ್ತೀರಾ? ನಾನೇನು ಎಳೇ ಮಗುವೇ?” ಮಾವ ತೆಂಗಿನ ಕಡ್ಡಿಯೊಂದನ್ನು ಟ್ಯಾಂಕಿನೊಳಗೆ ಇಳಿಬಿಟ್ಟ. ಒಣಗಿದ್ದ ಕಡ್ಡಿ ಒಣಗಿಯೇ ಮೇಲೆ ಬಂತು. ಮಾಸ್ತರರು ಅದನ್ನು ಎರಡು ನಿಮಿಷ ತಿರುಗಿಸಿ ನೋಡಿ, “ಕಡ್ಡಿ ಸರಿ ಇಲ್ಲ” ಎಂದರು.

ಐದನೇ ಪ್ರಶ್ನೆಯನ್ನು ಇಪ್ಪತ್ತಮೂರು ಜನರಿಗೂ ಕೇಳಿದ. ಬೈದವರು ಆರು, ನಕ್ಕವರು ಹದಿನೇಳು, ಹೌದು ಎಂದವರು ಸೊನ್ನೆ. ಯಾಕೆ ಕೇಳುತ್ತೀ ಎಂದರೆ, “ಸುಮ್ನೆ ಕಣೇ, ನಿನ್ನ ಪಟ್ಟಿ ಉದ್ದ ಆಗಲಿ ಅಂತ” ಎನ್ನುತ್ತಿದ್ದ.

ಈ ನಡುವೆ ನಮ್ಮ ಮನೆಗೊಂದು ಚಿಂತೆ ಇತ್ತು. ಅಕ್ಕ ಎರಡನೇ ಸಲ ಬಸುರಿ. ಮೊದಲ ಹೆರಿಗೆ ನಮ್ಮ ಮನೆಯಲ್ಲಾಗಿತ್ತು. ಪಕ್ಕದ ಬೀದಿಯ ಡಾಕ್ಟರು ಸಮಯಕ್ಕೆ ಬರದಿದ್ದರೆ ಅವಳು ಉಳಿಯುತ್ತಿರಲಿಲ್ಲ. ಎರಡನೆಯದು ಕೆಂಗೇರಿಯ ತಮ್ಮ ಮನೆಯಲ್ಲೇ ಆಗಲಿ ಎಂದು ಅವಳ ಅತ್ತೆ ಪಟ್ಟು ಹಿಡಿದರು. ಕಷ್ಟವಾದರೆ ಅಲ್ಲಿಗೂ ಬರುತ್ತೇನೆಂದು ಡಾಕ್ಟರು ಮಾತು ಕೊಟ್ಟರು. ಮಾತು ಕೊಟ್ಟದ್ದು ಡಾಕ್ಟರು, ಅವರ ಕಾರಲ್ಲವಲ್ಲ!

ಆ ಕಾರನ್ನು ಮಾವ ನಂಬಲಿಲ್ಲ. ಅಕ್ಟೋಬರ್ ಇಪ್ಪತ್ತರಿಂದ ದಿನಾ ಬೆಳಗ್ಗೆ ಆರಕ್ಕೆ ಮುದ್ದೆ ಕೋಲು ಹಿಡಿದು ಡಾಕ್ಟರ ಬಾಗಿಲು ತಟ್ಟಿದ. “ಒಂದ್ಸಲ ಸ್ಟಾರ್ಟ್ ಮಾಡಿ ಸಾರ್, ಕೇಳಿಸ್ಕೊಂಡು ಹೋಗ್ತೀನಿ.”

“ಏನಯ್ಯಾ, ಬಸುರಿ ನಿನ್ನ ಅಕ್ಕನ ಮಗಳೋ, ನನ್ನ ಕಾರೋ?”

“ಇಬ್ರನ್ನೂ ನೋಡ್ಕೋಬೇಕಲ್ಲ ಸಾರ್!”

ಇಪ್ಪತ್ತೆರಡು ಬೆಳಗು, ಇಪ್ಪತ್ತೆರಡು ಸಲವೂ ಸ್ಟಾರ್ಟ್ ಆಯಿತು.

ನವೆಂಬರ್ ಹತ್ತು, ಭಾನುವಾರ, ಮಧ್ಯಾಹ್ನ ಎರಡು ಇಪ್ಪತ್ತೈದು. ಅಕ್ಕನ ಮೈದುನ ಕೆಂಗೇರಿಯಿಂದ ಸೈಕಲ್ ತುಳಿದು ಬಂದು ಅಂಗಳದಲ್ಲಿ ಕುಸಿದ. “ಮಗು ಅಡ್ಡ ತಿರುಗಿದೆಯಂತೆ. ಸೂಲಗಿತ್ತಿ ಕೈ ಚೆಲ್ಲಿದಾಳೆ. ಡಾಕ್ಟ್ರನ್ನ ಕರ್ಕೊಂಡು ಬನ್ನಿ.” ಡಾಕ್ಟರು ಚೀಲ ಹಿಡಿದು ಕಾರು ಹತ್ತಿದರು. ಕಾರು ಉಸಿರೆತ್ತಲಿಲ್ಲ.

ಆ ದಿನ ಮಾವ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಮುಖ ಮಾತ್ರ ಸುಣ್ಣದ ಗೋಡೆಯಾಗಿತ್ತು. ನಾಲ್ಕು ನಿಮಿಷದಲ್ಲಿ ಹೇಳಿದ: “ಪಂಪಿನ ಪೊರೆ ಹರಿದಿದೆ ಸಾರ್. ಟ್ಯಾಂಕಲ್ಲಿ ಪೆಟ್ರೋಲ್ ಇದೆ, ಎಂಜಿನ್ನಿಗೆ ಏರ್ತಾ ಇಲ್ಲ. ಭಾನುವಾರ, ಅಂಗಡಿ ಮುಚ್ಚಿದೆ.”

“ಹಾಗಾದ್ರೆ?”

ಮಾವನ ಕಣ್ಣು ಡಾಕ್ಟರ ಚೀಲದ ಮೇಲೆ ಬಿತ್ತು. “ಸಾರ್, ಎನಿಮಾ ಡಬ್ಬಿ ಇದೆಯಾ?”

ಓದುಗರೇ, ನಗಬೇಡಿ. ರಾಜಾಜಿನಗರದ ಅರ್ಧ ಜನರ ಹೊಟ್ಟೆ ತೊಳೆದ ಆ ಬಿಳಿ ಡಬ್ಬಿಗೆ ಪೆಟ್ರೋಲ್ ತುಂಬಿದ. ಅದರ ರಬ್ಬರ್ ನಳಿಗೆಯನ್ನು ಎಂಜಿನ್ನಿಗೆ ಸಿಕ್ಕಿಸಿದ. ಡಬ್ಬಿ ಎತ್ತರದಲ್ಲಿದ್ದರೆ ಪೆಟ್ರೋಲ್ ತಾನೇ ಇಳಿಯುತ್ತದೆ, ಪಂಪ್ ಯಾಕೆ? ಆದರೆ ಎಂಟು ಮೈಲಿ ಅದನ್ನು ಎತ್ತಿ ಹಿಡಿಯುವವರು ಯಾರು?

ಬಾನೆಟ್ಟಿನ ಒಂದು ರೆಕ್ಕೆ ತೆರೆದು, ನಾನು ಕಂಡಂತೆ ಎಂದೂ ಕಾರು ಹತ್ತದಿದ್ದ ನಮ್ಮ ಮಾವ ಎಡಗಡೆಯ ಮಡ್ಗಾರ್ಡ್ ಮೇಲೆ ಕೂತ. ಒಂದು ಕೈಯಲ್ಲಿ ದೀಪದ ಕಂಬಿ, ಇನ್ನೊಂದರಲ್ಲಿ ಎತ್ತಿದ ಡಬ್ಬಿ. “ಹೊರಡಿ ಸಾರ್!” ನಾನು ಡಾಕ್ಟರ ಪಕ್ಕ, ಕೈಯಲ್ಲಿ ಗಡಿಯಾರ.

ಮೈಸೂರು ರಸ್ತೆಯಲ್ಲಿ ಗಾಡಿ ಹೊಡೆಯುತ್ತಿದ್ದವನೊಬ್ಬ ಎತ್ತು ನಿಲ್ಲಿಸಿ ಕೂಗಿದ: “ಡಾಕ್ಟ್ರು ಕಾರಿಗೇ ಎನಿಮಾ ಕೊಡ್ತಾವ್ರೆ, ನೋಡ್ರಪ್ಪೋ!” ಮಾವ ತಿರುಗಿಯೂ ನೋಡಲಿಲ್ಲ. ಹಳ್ಳ, ಗುಂಡಿ, ಅಡ್ಡ ಬಂದ ಎಮ್ಮೆ, ಯಾವುದಕ್ಕೂ ಆ ಕೈ ಇಳಿಯಲಿಲ್ಲ. ನಲವತ್ತೊಂದು ನಿಮಿಷ! ದೇವರ ಉತ್ಸವದಲ್ಲಿ ಕೊಡೆ ಹಿಡಿಯುವವರೂ ನಡುವೆ ಭುಜ ಬದಲಾಯಿಸುತ್ತಾರೆ.

ಐದು ಗಂಟೆ ಎಂಟು ನಿಮಿಷಕ್ಕೆ ಮಗು ಅತ್ತಿತು. ಹೆಣ್ಣು. ಅಕ್ಕ ಕಣ್ಣು ಬಿಟ್ಟು ನೀರು ಕೇಳಿದಳು. ನಾನು ಓಡಿ ಹೊರಗೆ ಬಂದರೆ, ಮಾವ ಇನ್ನೂ ಮಡ್ಗಾರ್ಡ್ ಮೇಲೆಯೇ ಇದ್ದ. ಎತ್ತಿದ ಕೈ ಇಳಿದಿರಲಿಲ್ಲ, ಎಂಜಿನ್ ಗುರ್ರ್ ಎನ್ನುತ್ತಲೇ ಇತ್ತು. ಅಕ್ಕನ ಮೈದುನ ಎರಡು ಸಲ ಡಬ್ಬಿ ತುಂಬಿಸಿಕೊಟ್ಟಿದ್ದನಂತೆ.

“ಇಳಿ ಮಾವ! ಇಬ್ರೂ ಚೆನ್ನಾಗಿದಾರೆ. ಆಫ್ ಮಾಡೋಣ.”

“ಬೇಡ ಕಣೇ. ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂದ್ಬಿಟ್ರೆ? ಆಗ ಸ್ಟಾರ್ಟ್ ಆಗದೇ ಹೋದ್ರೆ?”

ಡಾಕ್ಟರೇ ಬಂದು, “ಯಾವ ಆಸ್ಪತ್ರೆಯೂ ಬೇಡಪ್ಪ” ಎಂದು ಎಂಜಿನ್ ನಿಲ್ಲಿಸಿದರು. ಮಾವನ ಕೈ ಮರಗಟ್ಟಿತ್ತು. ನಾನೇ ಹಿಡಿದು ಇಳಿಸಿದೆ. ಆಗ ಅವನು, ನನ್ನನ್ನು ನೋಡದೆ, ಹೇಳಿದ: “ನಿಮ್ಮತ್ತೆ ಹೋದಾಗ ಮಾಗಡಿ ರಸ್ತೇಲಿ, ತಾವರೆಕೆರೆ ಹತ್ರ ಮೂರು ಗಂಟೆ ನಿಂತಿದ್ವಿ. ಬಾಡಿಗೆ ಗಾಡಿ. ಹೊಟ್ಟೇಲಿದ್ದ ಮಗೂನೂ ಹೋಯ್ತು. ಆ ಗಾಡಿಗೆ ಏನಾಗಿತ್ತು ಅಂತ ನನಗೆ ಇನ್ನೂ ಗೊತ್ತಿಲ್ಲ ಕಣೇ.”

ಆಗ ನಾನು ಐದು ವರ್ಷದವಳು. ಮಾವನ ಹೆಂಡತಿ, ನಮ್ಮತ್ತೆ, ಊರಿಗೆ ಹೋದಳು ಎಂದು ಅಜ್ಜಿ ನನಗೆ ಹೇಳಿದ್ದಳು.

ಅಂದು ಮನೆಗೆ ಬಂದು, ಮಾವನನ್ನು ಕೇಳಿ ಕೇಳಿ, ನನ್ನ ಪಟ್ಟಿಯ ಮೊದಲ ಸಾಲಿಗೂ ಮೇಲೆ ಒಂದು ಸಾಲು ಸೇರಿಸಿದೆ. ಬೂದು ಬಣ್ಣದ ಕಾರು, ಬೆನ್ನಿಗೆ ಇದ್ದಿಲಿನ ಪೀಪಾಯಿ, ಬಲಗಡೆಯ ಬಾಗಿಲಿಗೆ ಹಗ್ಗ, ಕೆಂಪು ರುಮಾಲಿನ ಚಾಲಕ. ಯುದ್ಧದ ಕಾಲದಲ್ಲಿ ಮಾಗಡಿಯಿಂದ ಬೆಂಗಳೂರಿಗೆ. ‘ದೋಷ’ ಎಂಬ ಕಡೆ ಖಾಲಿ ಬಿಟ್ಟಿದ್ದೇನೆ.

ಆ ಗಾಡಿಯನ್ನು ಬಲ್ಲವರು ಇದನ್ನು ಓದುತ್ತಿದ್ದರೆ ದಯವಿಟ್ಟು ಈ ಪತ್ರಿಕೆಯ ಸಂಪಾದಕರ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಯಾರ ಮೇಲೂ ನಮಗೆ ಸಿಟ್ಟಿಲ್ಲ. ಆ ಚಾಲಕರು ಅಂದು ಅಳುತ್ತಾ ಹ್ಯಾಂಡಲ್ ತಿರುವಿದ್ದನ್ನು ಮಾವ ಮರೆತಿಲ್ಲ. ಏನಾಗಿತ್ತು, ಅಷ್ಟನ್ನು ಬರೆದರೆ ಸಾಕು. ಯಾರಿಂದಲೂ ಸರಿಪಡಿಸಲು ಆಗದಂಥ ದೋಷವೇ ಆಗಿದ್ದರೆ, ಅದನ್ನು ಕೊಂಚ ದೊಡ್ಡ ಅಕ್ಷರದಲ್ಲಿ ಬರೆಯಿರಿ.