ಹೊಸ ಗಿಟಾರಿಗೆ ಹಳೇ ಜಂಗು

ನಗೆಪಾಟಲಾಗುವ ಸಂಗತಿಗಳು ನಮ್ಮ ಮನೆಗೆ ಅಮಾವಾಸ್ಯೆ, ಹುಣ್ಣಿಮೆ ನೋಡಿ ಬರುವುದಿಲ್ಲ. ಹಾಲಿನವನ ಹಾಗೆ ದಿನಾ ಬರುತ್ತವೆ. ಕೆಲವು ದಿನ ಎರಡು ಹೊತ್ತು.

ನಮ್ಮ ಮನೆಯವರು ಬಡಗಿ. ಬಳ್ಳಾರಿಯಲ್ಲಿ ಬಾಗಿಲು, ಮಂಚ, ಕಪಾಟು ಮಾಡಿಕೊಂಡು ಚೆನ್ನಾಗಿಯೇ ಇದ್ದರು. ಮೂರು ವರ್ಷದ ಹಿಂದೆ ಯಾರದೋ ಮುರಿದ ಎಲೆಕ್ಟ್ರಿಕ್ ಗಿಟಾರ್ ರಿಪೇರಿಗೆ ಬಂತು. ಅದನ್ನು ಬಿಚ್ಚಿದರು, ಜೋಡಿಸಿದರು. ಅವತ್ತು ಬಿಚ್ಚಿಕೊಂಡ ಅವರ ತಲೆಯನ್ನು ಮಾತ್ರ ಇನ್ನೂ ಯಾರಿಗೂ ಜೋಡಿಸಲು ಆಗಿಲ್ಲ. ಈಗ ಮಂಚ ಕೇಳಲು ಬಂದವರಿಗೂ ತಾವು ಮಾಡಿದ ಗಿಟಾರ್ ತೋರಿಸಿ ಕಳಿಸುತ್ತಾರೆ.

ನಾನು ಹತ್ತನೇ ತರಗತಿ ಓದಿದವಳು. ಮದುವೆಗೆ ಮುಂಚೆ ನಾಲ್ಕು ವರ್ಷ ಇದೇ ಊರಿನ ಒಂದು ಜೀನ್ಸ್ ಘಟಕದಲ್ಲಿ ದುಡಿದೆ. ಆಗಷ್ಟೇ ಹೊಲಿದ ಪ್ಯಾಂಟಿನ ತೊಡೆ, ಮೊಣಕಾಲನ್ನು ಸ್ಯಾಂಡ್ ಪೇಪರಿನಿಂದ ತಿಕ್ಕಿ ತಿಕ್ಕಿ ಹಳೆಯದು ಮಾಡುವುದೇ ನನ್ನ ಕೆಲಸವಾಗಿತ್ತು. ಹೊಸದನ್ನು ಕೆಡಿಸಿ ಸಂಬಳ ತೆಗೆದುಕೊಂಡವಳು ನಾನು! ಹಾಗಾಗಿ ಗಿಟಾರಿನಲ್ಲಿ ಕಟ್ಟಿಗೆಯ ಕೆಲಸ ಅವರದಾಯಿತು, ಮೈಬಣ್ಣದ ಕೆಲಸ ನನ್ನದಾಯಿತು. ಆದರೆ ಬಂದವರು "ಬಣ್ಣ ಎಷ್ಟು ಚಂದ ಐತ್ರಿ" ಅಂದಾಗ, "ನಾನ ಮಾಡಿದ್ದು" ಎಂದು ಹಲ್ಲು ಬಿಡುವವರು ಅವರು. ಅದೇ ಬಣ್ಣ ಮೆತ್ತಿದ ಕೈಯಲ್ಲಿ ನಾನು ಪಕ್ಕದಲ್ಲಿ ಚಹಾ ಹಿಡಿದು ನಿಂತಿರುತ್ತೇನೆ.

ಹೀಗಿರುವಾಗ ಈ ಬೇಸಿಗೆಯಲ್ಲಿ ಸಿರುಗುಪ್ಪದಿಂದ ಒಬ್ಬ ತರುಣ ಬಂದ. ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವವನು.

"ಅಣ್ಣಾ, ನನಗ ಹೊಸಾ ಗಿಟಾರ್ ಬೇಕು. ಆದ್ರ ಮೈತುಂಬ ಜಂಗು, ತುಕ್ಕು ಹಿಡಿದಿರ್ಬೇಕು. ಇಪ್ಪತ್ತು ವರ್ಷ ಮಳಿ ಬಿಸಿಲಾಗ ಬಿದ್ದ ಕಬ್ಬಿಣದ ಹಂಗ ಕಾಣ್ಬೇಕು."

ನಮ್ಮವರು ಕಣ್ಣು ಕಿಸಿದರು. "ತಮ್ಮಾ, ಇದು ಕಟ್ಟಿಗಿ. ಕಟ್ಟಿಗಿಗೆ ಜಂಗು ಹಿಡಿಯಂಗಿಲ್ಲಪಾ, ಗೆದ್ದಲ ಹಿಡೀತೈತಿ."

ಒಳಗಿನಿಂದ ನಾನು ಕೂಗಿದೆ. "ನಾನು ಹಿಡಸ್ತೀನಿ, ಒಪ್ಕೊಳ್ರಿ!"

ಅವನು ಹೋದ ಮೇಲೆ ಗಂಡನ ಮುಂದೆ ಕೂತು ಮಾತು ತೆಗೆದುಕೊಂಡೆ. "ಚಂದ ಬಂದ್ರ, ನಾಕು ಮಂದಿ ಮುಂದ ನಿಂತು ಇದು ನನ್ನ ಹೇಣ್ತಿ ಮಾಡಿದ್ದು ಅಂತ ಹೇಳ್ಬೇಕು ನೋಡ್ರಿ."

"ಹೇಳ್ತೀನಿ ಬಿಡು. ಕೆಟ್ಟರ?"

"ಕೆಟ್ಟರ ಇನ್ನ ಮ್ಯಾಲೆ ಬ್ರಷ್ ಮುಟ್ಟಂಗಿಲ್ಲ."

ಅತ್ತೆ ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. "ಕೆಡ್ಲಿಕ್ಕೇ ಮಾಡೋ ಕೆಲಸ ಕೆಟ್ಟೈತೋ ಇಲ್ಲೋ ಅಂತ ಹ್ಯಾಂಗ ಗೊತ್ತಾಗತೈತವಾ?" ಎಂದರು.

ಅಂಗಡಿಯವರ ಸಲಹೆ

ಮರುದಿನ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಗಲ್ಲಾದಲ್ಲಿ ವಯಸ್ಸಾದ ಮಾಲೀಕರು ಕೂತಿದ್ದರು.

"ಜಂಗಿಗೆ ಏನರ ಕೊಡ್ರಿ," ಎಂದೆ.

ಅವರು ತಿರುಗಿಯೂ ನೋಡದೆ ಕೆಂಪು ಡಬ್ಬಿಯೊಂದನ್ನು ತಂದಿಟ್ಟರು. "ಇದನ್ನ ಬಳೀರಿ. ಹತ್ತು ವರ್ಷ ಜಂಗು ಹತ್ರ ಸುಳಿಯಂಗಿಲ್ಲ."

"ಅಯ್ಯ, ಹೋಗೋದಲ್ಲರಿ. ನನಗ ಜಂಗು ಬರ್ಬೇಕಾಗೈತಿ."

ಮಾಲೀಕರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡು ನನ್ನನ್ನು ನೋಡಿದರು. "ಬರ್ಬೇಕಾ?"

"ಹೌದ್ರಿ. ಒಂದು ವಾರದಾಗ ಬರ್ಬೇಕು. ಚಂದಾಗಿ ಬರ್ಬೇಕು."

ಮೊಳೆ ಕೊಳ್ಳುತ್ತಿದ್ದ ಇಬ್ಬರು ಮೊಳೆ ಬಿಟ್ಟು ನನ್ನ ಕಡೆ ತಿರುಗಿದರು. ಮಾಲೀಕರು ಬಹಳ ಹೊತ್ತು ಯೋಚಿಸಿದರು. ಹುಟ್ಟಿದಾಗಿನಿಂದ ಜಂಗು ಓಡಿಸುತ್ತ ಬಂದ ಮನುಷ್ಯ, ಪಾಪ. ಕಡೆಗೆ ಕೌಂಟರಿನ ಮೇಲೆ ಬಾಗಿ ದನಿ ತಗ್ಗಿಸಿ ಹೇಳಿದರು:

"ನೋಡ್ರಿ ಯವ್ವಾ, ಅದಕ್ಕ ದುಡ್ಡು ಕೊಟ್ಟು ಔಷಧ ಯಾಕ ತಗೋತೀರಿ? ಎದುರಿಗೆ ನಮ್ಮ ತಮ್ಮನ ಗ್ರಿಲ್ ಅಂಗಡಿ ಐತಿ. ಅವನ ಕಡಿ ಒಂದು ಗೇಟ್ ಮಾಡಿಸ್ರಿ. ಮನಿ ಮುಟ್ಟೋದ್ರಾಗ ಬಂದಿರತೈತಿ."

ಮಿಲ್ಲಿನ ಹಿಂದೆ

ಜಂಗಿನಲ್ಲೂ ನೂರು ಬಣ್ಣ ಇರುತ್ತದೆ. ಗಿಟಾರ್ ಕೇಳಿದವನಿಗೆ ಯಾವುದು ಬೇಕೋ ಗೊತ್ತಾಗಲಿ ಎಂದು ನಾನು, ನಮ್ಮವರು ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದೆವು. ಹೋಗಿ ನೋಡಿದರೆ ನಮ್ಮ ಗಿಟಾರಿನ ತರುಣ ಅಕ್ಕಿ ಗಿರಣಿಯವರ ಮಗ! ಹೊರಗೆ ಲಾರಿಗಳ ಸಾಲು, ಒಳಗೆ ತೊಲೆಗೆ ತಾಗುವಷ್ಟು ಎತ್ತರಕ್ಕೆ ಒಟ್ಟಿದ ಅಕ್ಕಿ ಚೀಲಗಳು. ಅವನ ಮೈಮೇಲೆ ಮಾತ್ರ ಮೊಣಕಾಲು ಹರಿದ ಜೀನ್ಸ್. ಹರಿದ ರೀತಿ ನೋಡಿಯೇ ತಿಳಿಯಿತು, ಕೈ ಪಳಗಿದವರು ಹರಿದದ್ದು.

ಅವನು ನಮ್ಮನ್ನು ಗಿರಣಿಯ ಹಿಂದೆ ಕರೆದುಕೊಂಡು ಹೋದ. ಅಲ್ಲಿ ಹಳೇ ಯಂತ್ರದ ತಗಡುಗಳ ರಾಶಿ ಇತ್ತು. ಒಂದು ತಗಡಿನ ಮುಂದೆ ಮಂಡಿಯೂರಿ ಕೂತ.

"ಅಕ್ಕಾ, ಇದು! ಈ ಮೂಲ್ಯಾಗ ನೋಡ್ರಿ, ಕಿತ್ತಳಿ ಬಣ್ಣ ಹೋಗಿ ಕಂದು, ಕಂದು ಹೋಗಿ ಕಪ್ಪು. ಎಷ್ಟು ಚಂದ!"

ನಿಜವಾಗಿಯೂ ಚಂದವಿತ್ತು. ನಾನೂ ಮಂಡಿಯೂರಿದೆ. ನಮ್ಮವರೂ ಕೂತರು. ಮೂವರೂ ಬೆರಳಿನಿಂದ ಮುಟ್ಟಿ ಮುಟ್ಟಿ ಆಹಾ ಓಹೋ ಅನ್ನುತ್ತಿರುವಾಗ ಅವನ ಅಪ್ಪ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನು ಕಳದೈತಿ?"

"ಏನೂ ಕಳದಿಲ್ಲಪ್ಪಾ. ಜಂಗು ನೋಡಾಕ ಬಂದಾರ. ಬಳ್ಳಾರಿಯಿಂದ."

ಅಪ್ಪ ನಮ್ಮಿಬ್ಬರನ್ನೂ ನೋಡಿದರು, ರಾಶಿಯನ್ನೂ ನೋಡಿದರು. ಜೇಬಿನಿಂದ ಫೋನ್ ತೆಗೆದು ಗುಜರಿಯವನಿಗೆ ಹಚ್ಚಿದರು. "ಲೇ, ನಾಳಿ ಗಾಡಿ ತರಬ್ಯಾಡ. ಇದನ್ನ ನೋಡಾಕ ಬಸ್ ಚಾರ್ಜ್ ಕೊಟ್ಟು ಮಂದಿ ಬರಾಕ ಹತ್ಯಾರ. ಗೇಟಿಗೆ ಟಿಕೇಟ್ ಇಡ್ತೀನಿ."

ಕೂಲರ್ ಯಾರಿಗೆ

ಕೆಲಸ ಶುರುವಾಯಿತು. ಗ್ರಿಲ್ ಅಂಗಡಿಯ ಕಟಿಂಗ್ ಯಂತ್ರದ ಕೆಳಗೆ ಬಿದ್ದ ಕಬ್ಬಿಣದ ಪುಡಿ ತಂದೆ. ಮನೆಯ ಜೋಳದ ಹಿಟ್ಟಿನ ಜರಡಿಯಲ್ಲಿ ಸೋಸಿದೆ. (ಇದು ಅತ್ತೆಗೆ ಇವತ್ತಿನವರೆಗೂ ಗೊತ್ತಿಲ್ಲ. ಅವರು ಓದುವುದಿಲ್ಲ, ನೀವು ಹೇಳಬೇಡಿ.) ಆ ಪುಡಿಯನ್ನು ಅಂಟಿನಲ್ಲಿ ಕಲಸಿ ಗಿಟಾರಿನ ಮೈಗೆ ಎರಡು ಸಲ ಬಳಿದೆ. ಒಣಗಿದ ಮೇಲೆ ವಿನೆಗರ್, ಉಪ್ಪು, ಗಾಯ ತೊಳೆಯುವಾಗ ನೊರೆ ಬರುವ ಔಷಧ, ಮೂರನ್ನೂ ಬೆರೆಸಿ ಮೇಲೆ ಸಿಂಪಡಿಸಿದೆ. ಇನ್ನು ಜಂಗು ಬರಬೇಕು.

ಬರಲಿಲ್ಲ. ಜಂಗಿಗೆ ತೇವ ಬೇಕು. ನಮ್ಮ ಬಳ್ಳಾರಿಯ ಬೇಸಿಗೆಯಲ್ಲಿ ತೇವ ಎಲ್ಲಿಂದ ತರಲಿ? ನಾನು ಸಿಂಪಡಿಸಿ ಬಾಟಲಿ ಕೆಳಗಿಡುವುದರೊಳಗೆ ಗಿಟಾರ್ ಒಣಗಿ ಹಪ್ಪಳವಾಗುತ್ತಿತ್ತು. ಎಂಟು ಸಲ ಸಿಂಪಡಿಸಿದೆ. ನಮ್ಮವರು ಬಾಗಿಲಲ್ಲಿ ನಿಂತು, "ಬ್ರಷ್ ಎತ್ತಿ ಅಟ್ಟದ ಮ್ಯಾಲೆ ಇಡ್ಲೇನು?" ಎಂದರು. ಆ ಮಾತಿಗೆ ಮೈಯೆಲ್ಲ ಉರಿಯಿತು. ಉರಿದಾಗಲೇ ಬುದ್ಧಿ ಬಂತು. ಮನೆಯಲ್ಲಿ ತಂಪು ಇರುವುದು ಒಂದೇ ಜಾಗದಲ್ಲಿ, ಅತ್ತೆಯ ಕೂಲರಿನ ಮುಂದೆ.

ಅತ್ತೆಯ ಮಂಚ ಸರಿಸಿದೆ. ಗಿಟಾರನ್ನು ಅಲ್ಲಿ ಮಲಗಿಸಿ, ಮೈಗೆ ತಾಗದ ಹಾಗೆ ಮೇಲೆ ಒದ್ದೆ ಗೋಣಿಚೀಲ ಕಟ್ಟಿ, ಕೂಲರ್ ತಿರುಗಿಸಿದೆ. ಅತ್ತೆಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ಇದೇಂ ಖರ್ಮ ರಾ ದೇವುಡಾ!" ಎಂದು ಬೀಸಣಿಗೆ ಹಿಡಿದು ಪಡಸಾಲೆಗೆ ಹೋದರು.

ಓಣಿಯ ಹೆಂಗಸೊಬ್ಬಳು ಬಾಗಿಲಿನಿಂದ ಇಣುಕಿದಳು. ಮಂಚದ ಜಾಗದಲ್ಲಿ ಒದ್ದೆ ಬಟ್ಟೆ ಹೊದ್ದು ಮಲಗಿದ ಆಕಾರ, ಅದಕ್ಕೆ ಕೂಲರ್ ಗಾಳಿ, ಪಕ್ಕದಲ್ಲಿ ನಾನು ಬಾಟಲಿ ಹಿಡಿದು ಕೂತಿದ್ದೇನೆ.

"ಯಾರಿಗಿ ಆರಾಮಿಲ್ಲ?" ಎಂದು ಅತ್ತೆಯನ್ನು ಕೇಳಿದಳು.

"ಗಿಟಾರಿಗಿ," ಎಂದರು ಅತ್ತೆ, ಬೀಸಣಿಗೆ ಬೀಸುತ್ತ. "ಜಂಗು ಇನ್ನೂ ಹೊರಗ ಬಿದ್ದಿಲ್ಲಂತ."

ಮೂರನೇ ದಿನ ಬೆಳಗ್ಗೆ ಗೋಣಿಚೀಲ ಎತ್ತಿದೆ. ಬಂದಿತ್ತು! ಅಂಚಿಗೆ ಕಿತ್ತಳೆ, ನಡುವೆ ಕಂದು, ಕೈ ತಾಗುವ ಕಡೆ ಸುಟ್ಟ ರೊಟ್ಟಿಯಂಥ ಕಪ್ಪು. ನಾನು ಹಾಕಿದ ಕೂಗಿಗೆ ನಮ್ಮವರು ಚೇಳು ಎಂದುಕೊಂಡು ಚಪ್ಪಲಿ ಹಿಡಿದು ಓಡಿ ಬಂದರು. ಗಿಟಾರ್ ನೋಡಿ ಚಪ್ಪಲಿ ಕೈಯಲ್ಲೇ ಉಳಿಯಿತು, ಬಾಯಿ ತೆರೆದೇ ಉಳಿಯಿತು. ಅತ್ತೆಯೂ ಬಂದು ಬಗ್ಗಿ ನೋಡಿದರು.

"ಇದಕ್ಕಾ ನಾನು ಮೂರು ದಿನ ಬೆವತದ್ದು? ಮಾಳಿಗಿ ಮ್ಯಾಲಿನ ನೀರಿನ ಟ್ಯಾಂಕಿನ ಮುಚ್ಚಳ ಹೋಗಿ ನೋಡು. ಅದಕ್ಕ ಯಾರೂ ಒಂದು ದಿನಾ ಕೂಲರ್ ಹಚ್ಚಿಲ್ಲ."

ಪಕ್ಕದ ಮನೆಯ ಬಟ್ಟಲು

ಆ ಮೂರು ದಿನದ್ದೇ ಇನ್ನೊಂದು ಪ್ರಸಂಗ. ವಿನೆಗರ್ ವಾಸನೆ ಓಣಿಯೆಲ್ಲ ಹಬ್ಬಿತ್ತು. ಪಕ್ಕದ ಮನೆಯಾಕೆ ಸಂಜೆಗೆ ಖಾಲಿ ಬಟ್ಟಲು ಹಿಡಿದು ಬಂದಳು.

"ಗೋಬಿ ಮಂಚೂರಿ ಮಾಡಾಕ ಹತ್ತೀರಂತ? ನಮ್ಮ ಹುಡುಗ್ರು ಅಳಾಕ ಹತ್ಯಾರವಾ."

"ಇಲ್ಲವಾ, ಗಿಟಾರಿಗಿ ಹೊಡೆಯಾಕ ಹತ್ತೀನಿ."

"ಕೊಡಾಕ ಮನಸ್ಸಿಲ್ಲ ಅಂದ್ರ ಇಲ್ಲ ಅನ್ರಿ, ಸುಳ್ಳು ಯಾಕ?" ಎಂದು ಬಟ್ಟಲು ನಮ್ಮ ಕಟ್ಟೆಯ ಮೇಲೆಯೇ ಕುಕ್ಕಿ ಹೋದಳು. ಎರಡು ದಿನ ಮಾತಿಲ್ಲ. ಮೂರನೆಯ ದಿನ ನೆರೆಹೊರೆ ಉಳಿಸಿಕೊಳ್ಳಲು ನಿಜವಾಗಿಯೂ ಹೂಕೋಸು ತಂದು, ಕರಿದು, ಅದೇ ಬಟ್ಟಲು ತುಂಬ ಕೊಟ್ಟು ಬಂದೆ. ಅರ್ಧ ಗಂಟೆಗೆ ಬಟ್ಟಲು ವಾಪಸ್ಸು ಬಂತು, ಜೊತೆಗೆ ಒಂದು ಮಾತು:

"ವಾಸನಿ ಬಂದಷ್ಟು ರುಚಿ ಇಲ್ಲ ಬಿಡ್ರಿ. ಗಿಟಾರಿಗಿ ಹೊಡೆಯೋದ ಚಲೋ."

ಕುರುಗೋಡಿನ ಮೈಕು

ಜಂಗು ಬಟ್ಟೆಗೆ ಹತ್ತದ ಹಾಗೆ ಮೇಲೆ ಪಾರದರ್ಶಕ ಲ್ಯಾಕರ್ ಹೊಡೆದು, ತಂತಿ ಕಟ್ಟಿ ಕೊಟ್ಟೆವು. ಗಿರಣಿಯವರ ಮಗ ಗಿಟಾರನ್ನು ಎದೆಗೆ ಅಪ್ಪಿಕೊಂಡ. "ಅಕ್ಕಾ, ಐತವಾರ ಕುರುಗೋಡಿನ್ಯಾಗ ಯುವಕ ಸಂಘದ ಕಾರ್ಯಕ್ರಮ ಐತಿ. ಎಲ್ಲಾರೂ ಬರ್ರಿ, ಇದನ್ನ ಬಾರಸ್ತೀನಿ," ಎಂದ.

ಕುರುಗೋಡು ನನ್ನ ತವರು! ನನ್ನ ಸಾಲಿಯ ಗೆಳತಿಯರು, ಚಿಕ್ಕಮ್ಮ, ಸೋದರತ್ತೆ ಎಲ್ಲರೂ ಬರುತ್ತಾರೆ. ಬಸ್ಸಿನಲ್ಲಿ ಗಂಡನಿಗೆ ನೆನಪಿಸಿದೆ. "ಮಾತು ಕೊಟ್ಟೀರಿ. ಇವತ್ತು ಹೇಳ್ಬೇಕು."

"ಹೇಳ್ತೀನಿ ಅಂದ್ನಲ್ಲ. ಸಂದರ್ಭ ಬರ್ಲಿ."

ಸಂಜೆ ಪೆಂಡಾಲ್ ತುಂಬಿತ್ತು. ನಾವು ಮೂರನೇ ಸಾಲಿನಲ್ಲಿ ಕೂತೆವು. ಎಡಕ್ಕೆ ಅತ್ತೆ, ಬಲಕ್ಕೆ ನಮ್ಮವರು, ತೊಡೆಯ ಮೇಲೆ ಮಗಳು. ಗಿರಣಿಯವರ ಮಗ ಹರಿದ ಜೀನ್ಸ್ ತೊಟ್ಟು, ಜಂಗಿನ ಗಿಟಾರ್ ಹಾಕಿಕೊಂಡು ವೇದಿಕೆಗೆ ಬಂದ. ದೀಪದ ಬೆಳಕಿನಲ್ಲಿ ನನ್ನ ಗಿಟಾರ್ ಏನು ಕಂಡಿತು ಅಂತೀರಿ! ಎರಡು ಹಾಡು ಬಾರಿಸಿದ. ಜನ ಚಪ್ಪಾಳೆ ತಟ್ಟಿದರು.

ನಮ್ಮ ಕಡೆ ಕಲಾವಿದರ ಆಟ, ಹಾಡು ಮೆಚ್ಚಿದವರು ವೇದಿಕೆಗೆ ಕಾಣಿಕೆ ಕಳಿಸುತ್ತಾರೆ, ಅದನ್ನು ಮೈಕಿನಲ್ಲಿ ಹೆಸರು ಹಿಡಿದು ಕೂಗುತ್ತಾರೆ. ಆವತ್ತಿನ ಅಧ್ಯಕ್ಷರು ಒಬ್ಬ ನಿವೃತ್ತ ಮೇಷ್ಟ್ರು. ಅವರು ಮೈಕು ಹಿಡಿದು ಎದ್ದರು. ಕಣ್ಣು ಒದ್ದೆಯಾಗಿತ್ತು.

"ಬಂಧುಗಳೇ, ಈ ಮಗುವಿನ ವಾದ್ಯ ನೋಡ್ರಿ. ಪೂರಾ ಜಂಗು ತಿಂದೈತಿ. ಪ್ಯಾಂಟು ನೋಡ್ರಿ, ಮೊಣಕಾಲು ಹೊರಗ ಬಂದಾವ. ಇಂಥಾ ಬಡತನದಾಗೂ ಸಂಗೀತ ಬಿಟ್ಟಿಲ್ಲ! ಇವನಿಗೆ ಒಂದು ಹೊಸ ವಾದ್ಯ ಕೊಡಿಸೋದು ನಮ್ಮ ಧರ್ಮ."

ಪೆಂಡಾಲ್ ತುಂಬ "ತ್ಚು ತ್ಚು" ಎದ್ದಿತು. ಹಿಂದಿನಿಂದ ಒಬ್ಬರು, "ನನ್ನ ಲೆಕ್ಕಕ್ಕ ಒಂದು ಚೀಲ ಅಕ್ಕಿ ಬರಕೊಳ್ರಿ" ಎಂದರು. ಅಕ್ಕಿ ಗಿರಣಿಯವರ ಮಗನಿಗೆ! ಟೇಲರ್ ಒಬ್ಬ ಎರಡು ಪ್ಯಾಂಟು ಹೊಲಿದು ಕೊಡುವುದಾಗಿ ಕೂಗಿದ. ನನ್ನ ಚಿಕ್ಕಮ್ಮ ಸೆರಗಿನ ಗಂಟು ಬಿಚ್ಚತೊಡಗಿದಳು. ಪಾಪದ ತರುಣ ಮೈಕಿಗೆ ಬಾಗಿ, "ಸರ್, ಇದು ಹಳೇದಲ್ಲರಿ, ಹೊಸಾದು. ನಾವು ಬಡವರೂ ಅಲ್ಲರಿ," ಎಂದ.

"ಸ್ವಾಭಿಮಾನಿ!" ಎಂದು ಮೇಷ್ಟ್ರು ಅವನನ್ನು ತಬ್ಬಿಕೊಂಡರು. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ನನಗೆ ಕುಣಿಯುವಷ್ಟು ಸಂತೋಷ. ಒಂದು ಪೆಂಡಾಲ್ ಮಂದಿ ನಂಬಿದ್ದಾರೆ! ಗಂಡನ ಪಕ್ಕೆಗೆ ತಿವಿದೆ. "ಏಳ್ರಿ, ಇದ ಸಂದರ್ಭ."

"ಸ್ವಲ್ಪ ತಡಿ," ಎಂದರು ಅವರು, ಸುತ್ತ ನೋಡುತ್ತ.

ಅಷ್ಟರಲ್ಲಿ ವೇದಿಕೆಯ ಮೇಲೆ ತರುಣ ಮೇಷ್ಟ್ರ ಕಿವಿಯಲ್ಲಿ ಏನೋ ಹೇಳಿದ. ಇದನ್ನು ಹೊಸದೆಂದು ದುಡ್ಡು ಕೊಟ್ಟು ತೆಗೆದುಕೊಂಡದ್ದು ಎಂಬುದಷ್ಟೇ ಅವರ ತಲೆಗೆ ಹೋಗಿರಬೇಕು. ಮುಖ ಕೆಂಪಾಯಿತು.

"ಏನು? ಇದನ್ನ ಹೊಸಾದು ಅಂತ ಹೇಳಿ ಈ ಮಗುವಿಗೆ ಕೊಟ್ಟಾರ? ಯಾರವರು ಪುಣ್ಯಾತ್ಮರು?"

"ಅಲ್ಲೇ ಕುಂತಾರ್ರಿ," ಎಂದು ಅವನು ಖುಷಿಯಿಂದ ನಮ್ಮ ಕಡೆ ಕೈ ತೋರಿಸಿದ.

ಪೆಂಡಾಲಿನ ತಲೆಗಳೆಲ್ಲ ನಮ್ಮ ಕಡೆ ತಿರುಗಿದವು. ಮೂರು ವರ್ಷದಿಂದ "ನಾನ ಮಾಡಿದ್ದು" ಎನ್ನುತ್ತ ಬಂದ ನನ್ನ ಗಂಡ ಆಗ ಎದ್ದು ನಿಂತು ಕೈ ಮುಗಿದರು.

"ಸರ್, ಕಟ್ಟಿಗಿ ಅಷ್ಟ ನಂದ್ರಿ. ಆ ಜಂಗು ಪೂರಾ ನನ್ನ ಹೇಣ್ತಿದು. ನಾಕು ಮಂದಿ ಮುಂದ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೆ. ಹೇಳೀನ್ರಿ." ಎಂದು ಕೂತುಬಿಟ್ಟರು.

ನಾನು ಹೆದರುವ ಹೆಂಗಸಲ್ಲ. ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದೆ.

"ಹೌದ್ರಿ ಸರ್, ನಾನ! ಇದೇ ಊರಿನ ಮಗಳು. ಮೂರು ದಿನ ಬುಡಕ್ಕ ಕುಂತು, ತೇವ ಆರದಂಗ ಜ್ವಾಪಾನ ಮಾಡಿ ಜಂಗು ಹಿಡಿಸೀನ್ರಿ. ಇಂಥಾ ಜಂಗು ನಿಮಗ ಎಲ್ಲೂ ಸಿಗಂಗಿಲ್ಲ!"

ಮೇಷ್ಟ್ರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಸಿಟ್ಟು ಇಳಿದು ಮುಖದಲ್ಲಿ ಮರುಕ ಬಂತು. ಮೈಕು ಬಾಯಿಯ ಹತ್ತಿರವೇ ಇತ್ತು.

"ತಂಗೀ," ಎಂದರು ಮೆತ್ತಗೆ, "ಹಿಂಗ ಜಂಗು ಹಿಡಿಸಿದ್ರ ನಿಮ್ಮ ಮನ್ಯಾಗ ಪಾತ್ರಿ ಯಾರು ತಿಕ್ಕತಾರವಾ?"

ನಾನು ಬಾಯಿ ತೆರೆಯುವ ಮೊದಲೇ ಎಡಗಡೆಯಿಂದ ಅತ್ತೆ ಸೆರಗು ಬಿಗಿದುಕೊಂಡು ಎದ್ದರು.

"ನಾನ ತಿಕ್ತೀನ್ರಿ ಸರ!"

ಆ ಸಂಜೆ ಎಲ್ಲಕ್ಕಿಂತ ಜೋರು ಚಪ್ಪಾಳೆ ಬಿದ್ದದ್ದು ಅದಕ್ಕೆ.