ಓಣಿಗೆಲ್ಲ ಒಂದೇ ಅಳತೆ

ಉಪನ್ಯಾಸ ಕೇಳಲು ಬೇಕಾದ ತಾಳ್ಮೆಯನ್ನು ದೇವರು ನನಗೆ ಕೊಟ್ಟಿಲ್ಲ. ಕೂತ ಕುರ್ಚಿಯಲ್ಲೇ ನಾಲ್ಕು ದಿಕ್ಕಿಗೂ ತಿರುಗುತ್ತೇನೆ, ಸೆರಗಿನ ಅಂಚು ಸುತ್ತುತ್ತೇನೆ, ಬಿಚ್ಚುತ್ತೇನೆ, ಮತ್ತೆ ಸುತ್ತುತ್ತೇನೆ. ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ಒಳಗೆ ಬರುವಾಗಲೇ ನೋಡಿಟ್ಟುಕೊಂಡಿರುತ್ತೇನೆ. ಮೊನ್ನೆ ನಮ್ಮ ಮಹಿಳಾ ಸಮಾಜಕ್ಕೆ ಒಬ್ಬ ವಿದುಷಿ ಬಂದಿದ್ದರು. ಉಡುಪಿನ ಚರಿತ್ರೆ ಓದಿದರೆ ಸಮಾಜದ ಚರಿತ್ರೆಯೇ ತಿಳಿಯುತ್ತದೆ ಎಂಬುದು ಅವರ ವಿಷಯ. ಹಳೆಯ ಫೋಟೋ ಒಂದನ್ನು ಎತ್ತಿ ತೋರಿಸಿ, ನಿಜಾಮರ ಕಾಲದಲ್ಲಿ ನಮ್ಮ ಕಡೆಯ ಹೆಂಗಸರ ರವಿಕೆಯ ತೋಳು ಹೀಗೆ ಉಬ್ಬಿದ್ದು ಹೊಸ ವಿಚಾರಗಳ ಗಾಳಿ ಬೀಸಿದ್ದರಿಂದ ಎಂದರು. ಎಲ್ಲರೂ ತಲೆದೂಗಿದರು. ನನಗೆ ಮಾತ್ರ ಎದ್ದು ನಿಂತು, ತಾಯೀ, ಬೇರೆ ಊರಿನ ಸುದ್ದಿ ನನಗೆ ಗೊತ್ತಿಲ್ಲ, ಮಸ್ಕಿಯ ಮಟ್ಟಿಗೆ ಆ ಗಾಳಿ ಬೀಸಿದ್ದು ನನ್ನ ಟ್ರಂಕಿನಿಂದ ಎಂದು ಹೇಳಬೇಕೆನಿಸಿತು. ಪಕ್ಕದಲ್ಲಿದ್ದವರು ಕೈ ಹಿಡಿದು ಕೂರಿಸಿದರು. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಎರಡನೆಯ ಮಹಾಯುದ್ಧ ಇನ್ನೂ ಸುರುವಾಗಿರಲಿಲ್ಲ. ನಮ್ಮಪ್ಪ ಸಿಂಧನೂರಿನವರು, ನೌಕರಿಗೆಂದು ಹೈದರಾಬಾದಿಗೆ ಹೋಗಿ ಅಲ್ಲೇ ನೆಲೆಯಾದರು. ತಾವು ಊರು ಬಿಟ್ಟ ಸಂಕಟಕ್ಕೋ ಏನೋ, ಮಗಳನ್ನು ಊರ ಕಡೆಗೇ ಕೊಡಬೇಕೆಂದು ಹಟ ಹಿಡಿದು ನನ್ನನ್ನು ಮಸ್ಕಿಗೆ ಕೊಟ್ಟರು. ನಮ್ಮವರು ಲಿಂಗಸುಗೂರಿನ ಸರ್ಕಾರಿ ಶಾಲೆಯಲ್ಲಿ ಮಾಸ್ತರರು, ಅಲ್ಲೇ ಒಂದು ಕೋಣೆ ಹಿಡಿದಿದ್ದರು. ನಿಜಾಮರ ರಾಜ್ಯದಲ್ಲಿ ಆಗ ಶುಕ್ರವಾರ ರಜೆ. ಗುರುವಾರ ಸಂಜೆಯ ಬಸ್ಸಿಗೆ ಮನೆಗೆ ಬರುವರು. ಉಳಿದ ದಿನಗಳಲ್ಲಿ ಮನೆಯಲ್ಲಿ ನಾನು ಮತ್ತು ನಮ್ಮ ಅತ್ತೆ ನೀಲಮ್ಮ, ಇಬ್ಬರೇ. ನನ್ನ ಟ್ರಂಕಿನಲ್ಲಿ ಹೈದರಾಬಾದಿನ ದರ್ಜಿ ಹೊಲಿದ ಜಂಪರ್‌ಗಳಿದ್ದವು. ಬೆನ್ನಿಗೆ ಗುಂಡಿ, ಭುಜದ ಹತ್ತಿರ ನೆರಿಗೆ ಹಿಡಿದು ಸಣ್ಣ ಬುಟ್ಟಿಯನ್ನು ಬೋರಲು ಹಾಕಿದ ಹಾಗೆ ಉಬ್ಬಿಸಿದ ತೋಳು. ಅದಕ್ಕೇ ಬುಟ್ಟಿ ತೋಳು ಎಂದು ಹೆಸರು. ಮಸ್ಕಿಯವರೆಲ್ಲ ಆಗ ಖಣದ ಕುಬಸದವರು. ಮುಂದೊಂದು ಗಂಟು ಬಿಗಿದರೆ ಮುಗಿಯಿತು. ಬಸುರಿಗೂ ಬಾಣಂತಿಗೂ ಅದೇ ಕುಬಸ, ಗಂಟು ಮಾತ್ರ ಅತ್ತಿತ್ತ ಸರಿಯುವುದು.

ಉಡುಪಿನ ವಿಷಯದಲ್ಲಿ ಆ ಊರು ಬಹಳ ಬಿಗಿ ಎಂದು ತಿಳಿಯಬೇಡಿ. ಬಿಗಿಯೆಲ್ಲ ಹೆಂಗಸರ ಪಾಲಿಗೆ. ನಮ್ಮವರನ್ನೇ ತೆಗೆದುಕೊಳ್ಳಿ. ಶಾಲೆಗೆ ಹೊರಟಾಗ ಕುತ್ತಿಗೆಯ ತನಕ ಗುಂಡಿ ಹಾಕಿದ ಶೇರವಾನಿ, ಪೈಜಾಮ, ತಲೆಗೆ ಕುಚ್ಚಿನ ಕೆಂಪು ರೂಮಿ ಟೊಪ್ಪಿಗೆ. ಮನೆಗೆ ಬಂದರೆ ಧೋತರ, ಬರಿಮೈ, ಎದೆಯ ಮೇಲೆ ಲಿಂಗ. ಬೀಗರ ಮನೆಗೆ ಹೋಗುವುದಿದ್ದರೆ ಪೆಟ್ಟಿಗೆಯಿಂದ ರುಮಾಲು ಹೊರಗೆ ಬರುವುದು. ಒಂದೇ ವಾರದಲ್ಲಿ ಮೂರು ತಲೆ! ಇದೇನು ವೇಷ ಎಂದು ಒಬ್ಬರೂ ಕೇಳಲಿಲ್ಲ. ಸರ್ಕಾರದ ಅನ್ನ ಎಂದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ನನ್ನ ತೋಳು ಒಂದು ಹಿಡಿ ಉಬ್ಬಿದ್ದಕ್ಕೆ ಮಾತ್ರ ಓಣಿಯ ಕಟ್ಟೆಗಳೆಲ್ಲ ತುಂಬಿದವು. ನನಗೆ ಸಿಟ್ಟು ಬಂದಿತ್ತು. ಈಗ ಬರೆಯುತ್ತಿರುವಾಗಲೂ ಬರುತ್ತಿದೆ.

ಅತ್ತೆ ಕೂಗಾಡುವವರಲ್ಲ. ಜೋಳ ಹಸನು ಮಾಡುತ್ತ, ಮೊರದಿಂದ ತಲೆ ಎತ್ತದೆ, ತೀರ್ಪು ಹೇಳುವವರು. “ತವರಮನಿಯಿಂದ ತಂದೀದಿ, ಬೆಂಕಿಗಿ ಹಾಕಾಕ ಬರಂಗಿಲ್ಲ. ಹಾಕ್ಕೊ. ಮ್ಯಾಲೆ ಸೆರಗು ಹೊದ್ದು ಇರು. ಆದ್ರ ನಿನ್ನ ನೋಡಿ ಓಣ್ಯಾಗ ಇನ್ನೊಬ್ಬಾಕಿ ಹೊಲಿಸಿದ್ಲು ಅಂದ್ರ, ಮಂದಿ ಸೊಸಿಗೋಳನ್ನ ಕೆಡಿಸಿದ್ರು ಅಂತ ನಮಗ ಹೆಸರು ಬರತೈತಿ. ಹಂಗೇನಾರ ಆತು, ಈ ಸಲ ಪಂಚಮಿಗಿ ನೀ ತವರಿಗಿ ಹೋಗಂಗಿಲ್ಲ.”

ಮದುವೆಯಾದ ಮೇಲಿನ ಮೊದಲ ಪಂಚಮಿ ಅದು. ನಮ್ಮ ಕಡೆ ಹುಟ್ಟಿದ ಹೆಣ್ಣಿಗೆ ಪಂಚಮಿ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಅಣ್ಣ ಕರೆಯಲು ಬರಬೇಕು, ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು. ನನಗಂತೂ ಆ ಮನೆಯ ಪಡಸಾಲೆಯಲ್ಲಿ ಕೂತು ಕೂತು ಕಾಲು ಜೋಮು ಹಿಡಿದಿತ್ತು. ಅಟ್ಟದಿಂದ ಅಂಗಳಕ್ಕೆ, ಅಂಗಳದಿಂದ ಅಟ್ಟಕ್ಕೆ ಕಾರಣವಿಲ್ಲದೆ ತಿರುಗುತ್ತಿದ್ದೆ. “ಕಾಲಾಗ ಏನಾರ ಹೊಕ್ಕೈತೇನು?” ಎಂದು ಅತ್ತೆ ಕೇಳುತ್ತಿದ್ದರು. ಪಂಚಮಿಯ ಆಸೆ ಒಂದೇ ನನ್ನನ್ನು ಹಿಡಿದಿಟ್ಟಿತ್ತು. ಹಾಗಾಗಿ ಸೆರಗು ಬಿಗಿಯಾಗಿ ಹೊದ್ದು, ಆ ಬಿಸಿಲಿನಲ್ಲಿ ಬೆವರಿಳಿಸುತ್ತ ಇದ್ದೆ.

ಇರಲು ಬಿಡಬೇಕಲ್ಲ. ಪಕ್ಕದ ಮನೆಯ ಗಂಗಮ್ಮ ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪದಲ್ಲಿ ಬಂದಳು. ದೊಡ್ಡ ಮೈ, ಅದಕ್ಕಿಂತ ದೊಡ್ಡ ನಗು. ಅತ್ತೆ ಮಠಕ್ಕೆ ಹೋದದ್ದನ್ನು ನೋಡಿಕೊಂಡೇ ಬಂದಿದ್ದಳು. “ಶರಣಮ್ಮ, ಸ್ವಲ್ಪ ಸೆರಗು ಸರಸು, ನೋಡ್ತೀನಿ” ಎಂದಳು. ಸರಿಸಿದೆ. “ಅಯ್ಯ, ಎಷ್ಟು ಚೆಂದ ಐತಬೇ! ಒಂದು ದಿನದ ಮಟ್ಟಿಗಿ ಅಳತಿಗಿ ಕೊಡು. ನಿಮ್ಮತ್ತಿಗಿ ಗೊತ್ತಾಗಂಗಿಲ್ಲ, ನನ್ನಾಣಿ” ಎಂದಳು. ಕೊಡಬಾರದಿತ್ತು. ಆದರೆ ಆ ಊರಿಗೆ ಬಂದ ಮೇಲೆ ನನ್ನನ್ನು ನೋಡಿ ಹೊಟ್ಟೆಕಿಚ್ಚು ಪಟ್ಟವರಲ್ಲಿ ಆಕೆಯೇ ಮೊದಲಿಗಳು. ಖುಷಿಯಲ್ಲಿ ಒಳ್ಳೆಯದನ್ನೇ ಆರಿಸಿ ಕೊಟ್ಟೆ.

ಅಳತಿ ಎಂದರೆ ಏನೆಂದು ಹೇಳಿಬಿಡುತ್ತೇನೆ. ಹೆಂಗಸರ ಮೈಗೆ ದರ್ಜಿ ಟೇಪು ಹಚ್ಚುವ ಮಾತೇ ಆಗ ಇರಲಿಲ್ಲ. ಹೆಂಗಸರು ಅಂಗಡಿಗೂ ಹೋಗುತ್ತಿರಲಿಲ್ಲ. ಹಳೆಯದೊಂದು ಕುಬಸವನ್ನು ಹೊಸ ಬಟ್ಟೆಯ ಜೊತೆ ಗಂಟು ಕಟ್ಟಿ ಗಂಡಸರ ಕೈಯಲ್ಲಿ ಕಳಿಸುವುದು; ದರ್ಜಿ ಖಾಸೀಮಸಾಬ ಅದನ್ನು ಹರವಿಕೊಂಡು, ಅದರ ಪ್ರಕಾರ ಗೆರೆ ಎಳೆದು ಕತ್ತರಿಸುವುದು. ಇದು ಯಾರ ಮೈಯದು ಎಂದು ಆತ ಕೇಳುತ್ತಿರಲಿಲ್ಲ. ತಂದವರೂ ಹೇಳುತ್ತಿರಲಿಲ್ಲ. ಕೇಳುವುದು, ಹೇಳುವುದು ಎರಡೂ ಮರ್ಯಾದಸ್ಥರ ಲಕ್ಷಣವಲ್ಲ. ಗಂಗಮ್ಮನ ಗಂಡ ನನ್ನ ಜಂಪರ್ ಒಯ್ದು, “ಇದರಂಗ” ಎಂದು ಒಂದೇ ಮಾತು ಹೇಳಿ ಬಂದ. ಅವನ ಬೆನ್ನ ಹಿಂದೆಯೇ ಇನ್ನೊಂದು ಮನೆಯ ಗಂಡಸು ಬಟ್ಟೆ ತಂದು, ಅಳತಿ ಇಲ್ಲೇ ಇದೆಯಂತಲ್ಲ ಎಂದ. ಆಮೇಲೆ ಮತ್ತೊಬ್ಬ. ಒಂದು ದಿನಕ್ಕೆಂದು ಹೋದ ಜಂಪರ್ ಸಂತೆ ಕಳೆದು ಸಂತೆ ಬಂದರೂ ಮನೆ ಸೇರಲಿಲ್ಲ. ಅತ್ತೆ ಟ್ರಂಕಿನ ಕಡೆ ನೋಡಿದರೆ ನಾನು ಹೋಗಿ ಅದರ ಮೇಲೇ ಕೂರುತ್ತಿದ್ದೆ. ಗಂಗಮ್ಮನನ್ನು ಕಂಡು ಕಣ್ಣಲ್ಲೇ ಕೇಳಿದರೆ ಆಕೆ ಕಣ್ಣಲ್ಲೇ ನಾಳೆ ಎನ್ನುವಳು.

ಗುರುವಾರ ಬಂತು, ನಮ್ಮವರೂ ಬಂದರು. ಹೇಗಾದರೂ ಮಾಡಿ ಬಿಡಿಸಿಕೊಂಡು ಬನ್ನಿ ಎಂದು ದುಂಬಾಲು ಬಿದ್ದೆ. “ನಾ ಸರ್ಕಾರಿ ಮನುಷ್ಯ. ಬಜಾರದಾಗ ನಿಂತು ಹೆಣಮಕ್ಕಳ ಜಂಪರ್ ಕೇಳಲೇನು?” ಎಂದರು. ಅತ್ತೆಯ ಷರತ್ತು ನೆನಪಿಸಿದೆ. ಮಾರನೆಯ ದಿನ ರಜೆಯಿದ್ದರೂ ಮರ್ಯಾದೆಗೆ ಇರಲೆಂದು ಶೇರವಾನಿ ತೊಟ್ಟು, ಟೊಪ್ಪಿಗೆ ಇಟ್ಟುಕೊಂಡು ಹೋದರು. ಬರಿಗೈಯಲ್ಲಿ ಬಂದರು.

“ಅದು ನಮ್ಮನಿದು ಅಂತ ಹೇಳಲಿಲ್ಲೇನ್ರಿ?”

“ಅಷ್ಟು ಮಂದಿ ಕುಂತಾರ, ಹ್ಯಾಂಗ ಹೇಳಲಿ? ಆ ಅಳತಿ ಬೇಕಾಗಿತ್ತು ಅಂದೆ.”

“ಅವ ಏನಂದ?”

“ಆಗಲಿ ಮಾಸ್ತರ್ರ, ನಿಮ್ಮ ಪಾಳಿ ಬಂದಾಗ ಹೊಲಿದು ಕೊಡ್ತೀನಿ, ಬಟ್ಟಿ ಕಳಸ್ರಿ ಅಂದ.”

ನನ್ನ ಜಂಪರಿಗೆ ನನ್ನನ್ನೇ ಪಾಳಿಗೆ ಹಚ್ಚಿ ಬಂದಿದ್ದರು. ಆ ಮನುಷ್ಯನಿಗೆ ಮೂರು ತಲೆಗಳಿದ್ದು ಒಂದರಲ್ಲೂ ಉಪಯೋಗವಾಗುವಂಥದ್ದು ಇರಲಿಲ್ಲ.

ಇಷ್ಟರಲ್ಲಿ ಓಣಿಯಲ್ಲಿ ಒಂದು ಹೊಸ ಗಾಂಭೀರ್ಯ ಕಾಣಿಸಿಕೊಂಡಿತು. ಹೆಂಗಸರೆಲ್ಲ ಎದೆ ಸೆಟೆಸಿ, ಕೈ ಪಕ್ಕಕ್ಕೆ ಹಚ್ಚಿಕೊಂಡು, ಸೆರಗು ಮೈತುಂಬ ಸುತ್ತಿಕೊಂಡು ಓಡಾಡತೊಡಗಿದರು. ಯಾರೂ ಜೋರಾಗಿ ನಗುತ್ತಿರಲಿಲ್ಲ. ಗಂಗಮ್ಮ ಕೂಡ ಉಸಿರನ್ನು ಮೇಲ್ಮೇಲೇ ತೆಗೆದುಕೊಂಡು ಬಿಡುತ್ತಿದ್ದಳು. ನಾನು ಆಗ ಗಾಳಿಪಟದ ಕಡ್ಡಿಯ ಹಾಗಿದ್ದೆ. ಖಾಸೀಮಸಾಬ ಆ ಕಡ್ಡಿಯ ಅಳತೆಗೆ ಎಲ್ಲರಿಗೂ ಒಂದೇ ಸಮ ಹೊಲಿದು ಕೊಟ್ಟಿದ್ದ. ಸೋಜಿಗವೆಂದರೆ ಒಬ್ಬಳೂ ಇದು ನನಗೆ ಬಿಗಿ ಎನ್ನಲಿಲ್ಲ. ಹಿತ್ತಲಲ್ಲಿ ಗಂಗಮ್ಮನನ್ನು ಹಿಡಿದು ಕೇಳಿದರೆ, “ಹೈದ್ರಾಬಾದಿನ ಪೇಟೆ ಹೆಣಮಕ್ಕಳು ಕೈ ಎತ್ತಂಗಿಲ್ಲಂತಲ್ಲ? ಅದಕ್ಕಾ ಹಿಂಗ ಇರತೈತಿ” ಎಂದು ನನಗೇ ತಿಳಿಸಿ ಹೇಳಿದಳು. ಉಸಿರು ಕಟ್ಟುವುದೂ ಹೊಸ ಕಾಲದ ಒಂದು ಅಂಗವೆಂದು ಆಕೆ ಒಪ್ಪಿಕೊಂಡುಬಿಟ್ಟಿದ್ದಳು.

ಎಲ್ಲ ಬಯಲಾದದ್ದು ಸೇದುವ ಬಾವಿಯ ಹತ್ತಿರ. ಪಂಚಮಿ ಹತ್ತಿರ ಬಂದಿತ್ತು, ಅಣ್ಣ ಕರೆಯಲು ಬಂದು ಪಡಸಾಲೆಯಲ್ಲಿ ಕೂತಿದ್ದ. ಬೀಗರು ಬಂದಿದ್ದಾರೆಂದು ಅತ್ತೆ ತಾವೇ ಕೊಡ ಹಿಡಿದು ನೀರಿಗೆ ಹೊರಟರು, ನಾನು ಹಿಂದೆ. ಬಾವಿಯ ಸುತ್ತ ಓಣಿಯ ಹೆಂಗಸರೆಲ್ಲ ಖಾಲಿ ಕೊಡ ಇಟ್ಟುಕೊಂಡು ನಿಂತಿದ್ದರು. ನೀ ಸೇದು, ನೀ ಸೇದು ಎಂದು ಒಬ್ಬರಿಗೊಬ್ಬರು ಎಂದೂ ಇಲ್ಲದ ಉಪಚಾರ. “ಏನ್ರವಾ, ಬಾವ್ಯಾಗ ಹಾವು ಬಿದ್ದೈತೇನು?” ಎಂದು ಅತ್ತೆ ಕೇಳಿದರು. ಗಂಗಮ್ಮನಿಗೆ ಅವಮಾನವಾಗಿರಬೇಕು. ಮುಂದೆ ಬಂದು ಹಗ್ಗ ಹಿಡಿದು ಎರಡೂ ಕೈಯಿಂದ ಜಗ್ಗಿದಳು. ಪರ್ರನೆ ಸದ್ದಾಯಿತು. ಬೆನ್ನಿನ ಗುಂಡಿಯೊಂದು ಹಾರಿ ಕಲ್ಲಿಗೆ ಬಡಿಯಿತು, ಸೆರಗು ಜಾರಿತು, ಬುಟ್ಟಿ ತೋಳು ಬೆಳಕಿಗೆ ಬಂತು. ಅತ್ತೆ ಪಕ್ಕದಾಕೆಯ ಸೆರಗು ಸರಿಸಿ ನೋಡಿದರು. ಆಕೆಯ ಪಕ್ಕದಾಕೆಯದನ್ನೂ ನೋಡಿದರು. ಕಡೆಗೆ ನನ್ನನ್ನು ನೋಡಿದರು.

ಮನೆಗೆ ಬಂದು ಅಣ್ಣನಿಗೆ ಹೊಟ್ಟೆತುಂಬ ಊಟ ಹಾಕಿ, ಕೈ ತೊಳೆಯಲು ನೀರು ಕೊಟ್ಟು, “ಈ ಸಲ ಕಳಸಂಗಿಲ್ಲಪಾ, ತಪ್ಪು ತಿಳೀಬ್ಯಾಡ” ಎಂದರು. ನಾನು ಅಡುಗೆಮನೆಯ ಮೂಲೆಯಲ್ಲಿ ನಿಂತು ಅತ್ತುಬಿಟ್ಟೆ. ಗಂಗಮ್ಮನನ್ನು, ಖಾಸೀಮಸಾಬನನ್ನು, ಶೇರವಾನಿಯನ್ನು ಎಲ್ಲವನ್ನೂ ಬೈದುಕೊಳ್ಳುತ್ತ ಕಣ್ಣೀರು ಸುರಿಸಿದೆ. ಅಣ್ಣ ಪಾಪ, ಬಸ್ಸಿನ ಹೊತ್ತಾಯಿತೆಂದು ಚೀಲ ಹಿಡಿದು ಎದ್ದೇಬಿಟ್ಟ.

ಆಗ ಅಂಗಳದಲ್ಲಿ ಬಳೆಯ ಸದ್ದಾಯಿತು. ಬಾವಿಯ ಹತ್ತಿರ ಇದ್ದವರೆಲ್ಲ ಗುಂಪಾಗಿ ಬಂದಿದ್ದರು, ಮುಂದೆ ಗಂಗಮ್ಮ. ನನ್ನ ಪರವಾಗಿ ಕೈ ಮುಗಿಯಲು ಬಂದರೆಂದು ನನಗೆ ಕರುಳು ಕರಗಿತು.

“ನೀಲಮ್ಮಕ್ಕಾ, ಈಕಿನ್ನ ಹೈದ್ರಾಬಾದಿಗಿ ಕಳಸ್ರಿ” ಎಂದಳು ಗಂಗಮ್ಮ.

“ಯಾಕ ಕಳಸಬೇಕು?”

“ಈಕಿ ಅಳತಿ ಏನೂ ಉಪಯೋಗಿಲ್ರಿ. ಕಡ್ಡಿ ಹಂಗ ಅದಾಳ. ಇವರವ್ವ ನಮ್ಮಂಗ ಮೈಕೈ ತುಂಬಿಕೊಂಡಾಳಂತ. ಆಕಿದೊಂದು ಜಂಪರ್ ತರಲಿ. ಇಲ್ಲಂದ್ರ ಇಷ್ಟು ಮಂದಿ ಬಟ್ಟಿ ಹಾಳಾಗತಾವ್ರಿ.”

ಬಟ್ಟೆ ಹಾಳಾಗುವುದೆಂದರೆ ಅತ್ತೆಗೆ ತಡೆಯುತ್ತಿರಲಿಲ್ಲ. ಹರಿದ ಕೌದಿಯನ್ನೂ ಎಸೆಯದ ಜೀವ. ಬಹಳ ಹೊತ್ತು ಮೊರದಲ್ಲಿ ಬೆರಳಾಡಿಸಿದರು. ಕರಗಿದ ನನ್ನ ಕರುಳು ಮತ್ತೆ ಗಟ್ಟಿಯಾಗಿತ್ತು, ಆದರೂ ಆ ಬೆರಳುಗಳನ್ನೇ ನೋಡುತ್ತ ನಿಂತಿದ್ದೆ. ಕೊನೆಗೆ ಅವರು ತಲೆ ಎತ್ತಿ, ದನಿ ಇಳಿಸಿ, “ನಿಮ್ಮವ್ವ ನನಗಿಂತ ದಪ್ಪೇನು?” ಎಂದು ಕೇಳಿದರು. ಅಣ್ಣ ಚೀಲ ಕೆಳಗಿಟ್ಟ.

ಹೈದರಾಬಾದಿನಲ್ಲಿ ಬಾಗಿಲು ತೆರೆದವಳು ನನ್ನ ತಂಗಿ. ನನ್ನ ಭುಜ ನೋಡಿ ಹೊಸ್ತಿಲಲ್ಲೇ ನಕ್ಕುಬಿಟ್ಟಳು. “ಅಕ್ಕಾ, ಇದನ್ನ ಇನ್ನಾ ಹಾಕ್ಕೊಂತೀಯೇನು? ಈಗ ಇಲ್ಲೆ ಯಾರೂ ಮುಟ್ಟಂಗಿಲ್ಲ.” ಅವಳ ತೋಳು ಮೊಳಕೈ ತನಕ ಸಪಾಟಾಗಿತ್ತು, ಒಂದು ನೆರಿಗೆಯಿಲ್ಲ. ಊರಿಗೆಲ್ಲ ಹೊಸದು ಕಲಿಸಿ ಬಂದವಳೆಂದು ನಾನು ಬೀಗಿಕೊಂಡು ಬಂದಿದ್ದೆ. ತಂಗಿಯ ಕಣ್ಣಿಗೆ ಮಸ್ಕಿಯ ಹಳ್ಳಿಯಾಕೆಯಾಗಿ ಕಂಡೆ. ಜೋಕಾಲಿಯಲ್ಲಿ ಕೂತರೂ ಮನಸ್ಸು ನಿಲ್ಲಲಿಲ್ಲ. ಅವ್ವ ತನ್ನ ಬುಟ್ಟಿ ತೋಳಿನ ಜಂಪರ್‌ಗಳನ್ನು, ಕಸ ಹೋದರೆ ಸಾಕೆಂಬಂತೆ, ಕಟ್ಟಿ ಕೊಟ್ಟಳು. ನಾನು ಹಟ ಹಿಡಿದು ನನಗೆಂದು ಸಪಾಟು ತೋಳಿನವು ಹೊಲಿಸಿಕೊಂಡೆ.

ಅವ್ವನ ಅಳತೆ ಮಸ್ಕಿಗೆ ಸರಿಹೋಯಿತು. ಓಣಿಗೆ ಮತ್ತೆ ಉಸಿರು ಬಂತು, ನಗು ಬಂತು, ಬಾವಿಯ ನೀರು ಮೇಲೆ ಬಂತು. ಅತ್ತೆಯೂ ಒಂದು ಹೊಲಿಸಿಕೊಂಡು, ಮೊದಮೊದಲು ಸೆರಗಿನಡಿ, ಆಮೇಲೆ ಸೆರಗಿನ ಹಂಗಿಲ್ಲದೆ ತೊಟ್ಟರು. ಇನ್ನು ನನಗೇನು ಭಯ ಎಂದು ಒಂದು ಹಬ್ಬದ ದಿನ ಹೊಸ ಸಪಾಟು ತೋಳಿನದನ್ನು ತೊಟ್ಟು ಪಡಸಾಲೆಗೆ ಬಂದೆ. ಗಂಗಮ್ಮನೂ ಅಲ್ಲೇ ಕೂತಿದ್ದಳು. ಅತ್ತೆ ಮೊರ ಬದಿಗಿಟ್ಟರು.

“ಇದೇನಬೇ, ಬೋಳು ತೋಳು? ನಾಕು ಮಂದಿ ಬಂದುಹೋಗೋ ಮನಿ ಇದು. ಹೋಗು, ಲಕ್ಷಣವಾಗಿ ಬುಟ್ಟಿ ತೋಳಿಂದು ಹಾಕ್ಕೊಂಡು ಬಾ.”

ಹೋಗಿ ಬದಲಿಸಿದೆ. ಬೆನ್ನಿನ ಗುಂಡಿ ಹಾಕಿಕೊಳ್ಳುತ್ತಿರುವಾಗ, ಹೊರಗೆ ಅತ್ತೆ ಗಂಗಮ್ಮನಿಗೆ ಸಮಾಧಾನ ಹೇಳುವುದು ಕೇಳಿಸಿತು. “ಹೈದ್ರಾಬಾದಿನಾಗ ಬೆಳೆದಾಕಿ, ನಮ್ಮ ಹಿಂದಿನಿಂದ ಬಂದ ಪದ್ಧತಿ ಆಕಿಗೇನು ಗೊತ್ತು? ಕಲೀತಾಳ ತಗೋ.”