ಒಂದು ದಿನವೂ ಕೈಕೊಡದ ಕಾರು

ಆ ದಿನದ ಅನಾಹುತಕ್ಕೆಲ್ಲ ಮೂಲ ಒಂದು ಹಳದಿ ದೀಪ. ಅಂಗಿಯ ಗುಂಡಿಗಿಂತಲೂ ಚಿಕ್ಕದು. ಕಾರಿನ ಸ್ಟೀರಿಂಗ್ ಹಿಂದೆ, ವೇಗ ತೋರಿಸುವ ಮುಳ್ಳಿನ ಪಕ್ಕದಲ್ಲಿ ಎಂಜಿನ್ನಿನ ಆಕಾರದಲ್ಲಿ ಹೊತ್ತಿಕೊಂಡು, ಬೆಳಿಗ್ಗೆ ಬೆಳಿಗ್ಗೆಯೇ ಸಾಹುಕಾರನನ್ನು ದುರುಗುಟ್ಟಿ ನೋಡುತ್ತಿತ್ತು.

ಸಾಹುಕಾರ ಎಂಬುದು ಅಡ್ಡಹೆಸರು. ನೀರು ಸರಬರಾಜು ಕಚೇರಿಯಲ್ಲಿ ಕೆಟ್ಟ ಮೀಟರುಗಳನ್ನು ರಿಪೇರಿಗೆ ಕಳಿಸುವ ವಿಭಾಗಕ್ಕೆ ಅವನು ಮೇಲ್ವಿಚಾರಕ. ಈ ಐಷಾರಾಮಿ ಕಾರನ್ನು ಕೊಂಡ ದಿನವೇ ಸಹೋದ್ಯೋಗಿಗಳು ಆ ಬಿರುದು ಕೊಟ್ಟರು. ಕಾರಿನಿಂದ ಅವನಿಗೆ ಬಿಟ್ಟಿ ಸಿಕ್ಕಿದ್ದು ಅದೊಂದೇ. ಗಾಡಿ ಇಬ್ಬರ ಕೈ ದಾಟಿ ಬಂದದ್ದು, ಮೂರನೆಯವನಿಗೆ ಕೈಕೊಟ್ಟಿತು. ಐಷಾರಾಮದಲ್ಲಿ ಐಷು ಹಿಂದಿನ ಮಾಲೀಕರ ಪಾಲಾಗಿ, ಇವನ ಪಾಲಿಗೆ ‘ರಾಮ ರಾಮಾ’ ಅನ್ನುವುದಷ್ಟೇ ಉಳಿದಿತ್ತು.

ಆ ಕಾರಿನಲ್ಲಿ ದೀಪಗಳು ಸರದಿಯ ಮೇಲೆ ಉರಿಯುತ್ತಿದ್ದದ್ದು ಹೊಸದೇನಲ್ಲ. ಆದರೆ ಇವತ್ತು ಮಧ್ಯಾಹ್ನ ಅದನ್ನು ಕೊಳ್ಳಲು ಒಬ್ಬ ಬರುವವನಿದ್ದ. ಸಾಹುಕಾರ ಮೆಕ್ಯಾನಿಕ್‌ಗೆ ಫೋನು ಹಚ್ಚಿದ.

"ಯಾವ ಬಣ್ಣ ಸಾರ್?" ಮೆಕ್ಯಾನಿಕ್ ಆಕಳಿಸಿಕೊಂಡೇ ಕೇಳಿದ.

"ಹಳದಿ."

"ಹಳದಿ ಆದ್ರೆ ಪರವಾಗಿಲ್ಲ ಬಿಡಿ. ಕೆಂಪಾದ್ರೆ ಹೇಳಿ."

"ಕೆಂಪಾದ್ರೆ ಏನ್ ಮಾಡ್ತೀಯಪ್ಪಾ?"

"ಇಳಿದು ಓಡಿ ಅಂತೀನಿ."

ಸಾಹುಕಾರ ಆಫೀಸಿನಿಂದ ತಂದಿದ್ದ ಕರಿ ಟೇಪಿನಲ್ಲಿ ಚೂರು ಕತ್ತರಿಸಿ ದೀಪದ ಮೇಲೆ ಅಂಟಿಸಿದ. ರಿಪೇರಿ ಬಿಲ್ಲುಗಳನ್ನೆಲ್ಲ ಒಟ್ಟುಮಾಡಿ ಟೆರೇಸಿನ ಮೇಲೆ ಸುಟ್ಟು ಬಂದ. ಹೊಗೆ ಎಷ್ಟು ಎದ್ದಿತೆಂದರೆ ಪಕ್ಕದ ಬೀದಿಯವರು ಏನಾಯಿತು ಎಂದು ವಿಚಾರಿಸಿಕೊಂಡು ಹೋದರು.

ಇವತ್ತು ಕಾರು ಹೋಗಲೇಬೇಕಿತ್ತು. ಹೋಗದಿದ್ದರೆ ಹೆಂಡತಿ ಹೋಗುತ್ತಿದ್ದಳು.

ಅವಳು ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್. ಹೋದ ವಾರ ಲ್ಯಾಬಿನ ಮುಖ್ಯಸ್ಥೆಯ ಹುದ್ದೆಗೆ ಸಂದರ್ಶನವಿತ್ತು. "ಬಸ್ಸಲ್ಲಿ ಹೋಗ್ತೀನಿ ರೀ" ಎಂದವಳನ್ನು ಸಾಹುಕಾರ ಬಲವಂತವಾಗಿ ಕಾರಿಗೆ ಹತ್ತಿಸಿದ. ಆಸ್ಪತ್ರೆಯ ಎದುರಿಗೆ ಬಂದು ಅವನು ಇಳಿದದ್ದೇ ತಡ, ಕಾರು ‘ಟಕ್’ ಎಂದು ತನ್ನಷ್ಟಕ್ಕೆ ತಾನೇ ಬೀಗ ಹಾಕಿಕೊಂಡಿತು. ಬಾಗಿಲು ತೆರೆಯದು, ಗಾಜು ಇಳಿಯದು, ಕೀಲಿಗೆ ಕಿವಿಗೊಡದು. ಅವಳು ಒಳಗಿನಿಂದ ಗಾಜು ಬಡಿದಳು, ಇವನು ಹೊರಗಿನಿಂದ ಬಾನೆಟ್ ಬಡಿದ. ಎದುರಿಗಿನ ಮೆಟ್ಟಿಲ ಮೇಲೆ ನಿಂತು ಜವಾನ ಅವಳ ಹೆಸರು ಕೂಗಿದ, ಮತ್ತೊಮ್ಮೆ ಕೂಗಿದ, ಮುಂದಿನವರ ಹೆಸರು ಕೂಗಿದ. ಅವಳು ಅದನ್ನೆಲ್ಲ ಗಾಜಿನೊಳಗಿಂದ ಮೂಕಿ ಚಿತ್ರದಂತೆ ನೋಡಿದಳು. ನಿನ್ನೆ ಮೊನ್ನೆ ಸೇರಿದ, ಸೂಜಿ ಹಿಡಿಯಲು ಇವಳಿಂದಲೇ ಕಲಿತ ಹುಡುಗಿ ಈಗ ಮುಖ್ಯಸ್ಥೆ.

ಅವಳು ಅಳಲಿಲ್ಲ, ಕಿರುಚಲಿಲ್ಲ. ನಿನ್ನೆ ಬಟ್ಟೆ ಮಡಿಸುತ್ತಾ ಹೇಳಿದಳು. "ನಾಳೆ ಸಂಜೆ ಒಳಗೆ ಅದು ಈ ಮನೆ ಬಿಡ್ಬೇಕು. ಇಲ್ದಿದ್ರೆ ನಾನು ಅಕ್ಕನ ಮನೆಗೆ ಹೋಗ್ತೀನಿ. ಹೆದರಿಸ್ತಿಲ್ಲ ರೀ, ತಿಳಿಸ್ತಿದೀನಿ."

ಮಡಿಸಿದ ಬಟ್ಟೆಗಳು ಬೀರುವಿಗೆ ಹೋಗದೆ ಬ್ಯಾಗಿಗೆ ಹೋದದ್ದನ್ನು ಸಾಹುಕಾರ ಕಣ್ಣಾರೆ ನೋಡಿದ.

ಕಾರು ಹೋಗಬೇಕೆಂಬ ಆಸೆ ಕಟ್ಟಡದವರಿಗೂ ಇತ್ತು. ಅದು ನಿಲ್ಲುತ್ತಿದ್ದದ್ದು ಎಲ್ಲರೂ ಓಡಾಡುವ ದಾರಿಯಲ್ಲಿ. ಕೆಳಗಿನ ಮನೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಆಂಟಿಯ ಗಿರಾಕಿಗಳು ಅದರ ಪಕ್ಕ ಹೊಟ್ಟೆ ಒಳಗೆಳೆದುಕೊಂಡು ನುಸುಳಬೇಕಿತ್ತು. ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಅದನ್ನು ನೂಕಿ ನೂಕಿ ಸೊಂಟ ಹಿಡಿಸಿಕೊಂಡಿದ್ದರು. ಹೀಗಾಗಿ ಸಾಹುಕಾರ ಸಹಾಯ ಕೇಳಿದಾಗ ಇಬ್ಬರೂ ಓಡಿಬಂದರು. ಮೆಕ್ಯಾನಿಕ್ ಕೂಡ ಬಂದ. ಮೇಷ್ಟ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತಾಲೀಮು ಶುರು ಮಾಡಿದರು.

"ನಾನೀಗ ಗಿರಾಕಿ. ಕೇಳ್ತೀನಿ. ಈ ಕಾರು ಯಾವತ್ತಾದ್ರೂ ನಿಂತಿದ್ಯಾ?"

"ಇಲ್ಲ," ಎಂದ ಮೆಕ್ಯಾನಿಕ್.

"ಎದೆ ಉಬ್ಬಿಸಿ ಹೇಳು. ನೀವು ಹೇಳಿ ಆಂಟಿ."

"ಇಲ್ವೇ ಇಲ್ಲ. ನಮ್ಮನೆ ಮಿಕ್ಸಿಗಿಂತ ಚೆನ್ನಾಗಿ ಓಡತ್ತೆ. ನನ್ನ ಗಿರಾಕಿ ಒಬ್ಬಳಿಗೆ ಹೆರಿಗೆ ನೋವು ಬಂದಾಗ..."

"ಅಷ್ಟು ದೂರ ಹೋಗ್ಬೇಡಿ. ಇಲ್ಲ ಅಂತ ನಿಲ್ಲಿಸಿ. ಕೊನೇ ತನಕ ಇದೇ ಮಾತು. ಆಕಾಶ ಬಿದ್ರೂ ಬದಲಾಯಿಸೋ ಹಾಗಿಲ್ಲ. ತಿಳೀತಾ?"

"ತಿಳೀತು ಸಾರ್," ಎಂದರು ಎಲ್ಲರೂ, ಸಾಹುಕಾರನೂ ಸೇರಿ.

ತಾಲೀಮು ಮುಗಿಯುವಷ್ಟರಲ್ಲಿ ಮೇಲಿನ ನೀರಿನ ಟ್ಯಾಂಕು ತುಂಬಿ ಹರಿಯಿತು. ಅದನ್ನು ಮಳೆ ಎಂದುಕೊಂಡಿತೋ ಏನೋ, ಕಾರು ತನ್ನ ಮೇಲ್ಛಾವಣಿಯ ಗಾಜನ್ನು ‘ಸುಯ್ಯ್’ ಎಂದು ತೆರೆದು ಬಾಯ್ಬಿಟ್ಟುಕೊಂಡು ಕೂತಿತು. ಮಳೆ ಬಂದರೆ ಮುಚ್ಚಿಕೊಳ್ಳುವುದು ಅದರ ವೈಶಿಷ್ಟ್ಯ ಎಂದು ಮಾರಿದವನು ಹೇಳಿದ್ದ. ವೈಶಿಷ್ಟ್ಯ ಇತ್ತು, ದಿಕ್ಕು ಮಾತ್ರ ಉಲ್ಟಾ ಆಗಿತ್ತು. ಸೀಟುಗಳೆಲ್ಲ ತೊಯ್ದು ತೊಪ್ಪೆಯಾದವು. ಆಂಟಿ ಕೂದಲು ಒಣಗಿಸುವ ಯಂತ್ರ ತಂದು ಸೀಟುಗಳಿಗೆ ಗಾಳಿ ಹಿಡಿದರು. ಒಣಗುತ್ತಾ ಬಂದಾಗ ಗಾಡಿಯ ಹಿಂಭಾಗ ನಿಟ್ಟುಸಿರು ಬಿಟ್ಟು ನೆಲಕ್ಕೆ ಕುಸಿಯಿತು. ಮಾತು ಕೇಳದ ಕರು ಹಗ್ಗ ಎಳೆದಾಗ ಕೂತುಬಿಡುತ್ತದಲ್ಲ, ಹಾಗೆ.

"ಏಳಪ್ಪಾ, ಇವತ್ತೊಂದಿನ ಏಳಪ್ಪಾ," ಎಂದು ಸಾಹುಕಾರ ಡಿಕ್ಕಿಯನ್ನು ಸವರಿದ.

"ಮರ್ಯಾದೆ ಕೊಟ್ರೆ ಏಳಲ್ಲ ಸಾರ್ ಇದು," ಎಂದು ಮೆಕ್ಯಾನಿಕ್ ಕೆಳಗೆ ತೂರಿ ಏನನ್ನೋ ಬಲವಾಗಿ ಒದ್ದ. ಗಾಡಿ ‘ಬುಸ್’ ಎಂದು ಎದ್ದು ನಿಂತಿತು.

ಆ ಹೊತ್ತಿಗೆ ಗೇಟಿನಲ್ಲಿ ಗಿರಾಕಿ ಕಾಣಿಸಿಕೊಂಡ. ಸಣಕಲು ಮನುಷ್ಯ, ಹೆಗಲಿಗೆ ಚೀಲ, ಬಸ್ ಸ್ಟಾಪಿನಿಂದ ನಡೆದು ಬಂದು ಬೆವೆತಿದ್ದ. ದನಿ ಮಾತ್ರ ಎಷ್ಟು ಮೆಲ್ಲಗೆಂದರೆ, ರೋಗಿಯ ಮಂಚದ ಪಕ್ಕ ನಿಂತು ವಿಚಾರಿಸುವವನ ಹಾಗೆ.

"ಎಂಜಿನ್ ದೀಪ ಗೀಪ ಉರಿಯತ್ತಾ ಸಾರ್?"

"ಹೆಡ್‌ಲೈಟ್ ಬಿಟ್ರೆ ಇದರಲ್ಲಿ ಬೇರೆ ದೀಪ ಇದೆ ಅನ್ನೋದೇ ನಮಗೆ ಗೊತ್ತಿಲ್ಲ," ಎಂದ ಸಾಹುಕಾರ.

"ಓ," ಎಂದ ಗಿರಾಕಿ. ಮುಖ ಸ್ವಲ್ಪ ಬಾಡಿತು. "ಹಿಂದುಗಡೆ ಕೂತುಬಿಡತ್ತಾ, ನಿಲ್ಲಿಸಿದಾಗ?"

"ಕೂರೋದಾ?" ಮೇಷ್ಟ್ರು ಮುಂದೆ ಬಂದರು. "ಅಟೆನ್ಷನ್‌ನಲ್ಲೇ ನಿದ್ದೆ ಮಾಡತ್ತೆ ಸಾರ್."

"ಗೇರ್ ಬಾಕ್ಸು ಬಿಚ್ಚಿಸಿದ್ರಾ?"

"ಒಂದು ನಟ್ಟು ಬಿಚ್ಚಿದ್ರೆ ಕೇಳಿ," ಎಂದ ಮೆಕ್ಯಾನಿಕ್, ಮೊಣಕೈವರೆಗೆ ಅದೇ ಕಾರಿನ ಗ್ರೀಸು ಮೆತ್ತಿಕೊಂಡು. "ನಾನು ಈ ಗಾಡೀನ ಇವತ್ತೇ ಮೊದಲು ನೋಡ್ತಿರೋದು."

ಒಂದೊಂದು ಉತ್ತರಕ್ಕೂ ಗಿರಾಕಿಯ ಮುಖ ಒಂದೊಂದು ಇಂಚು ಉದ್ದವಾಯಿತು. ಇದು ಬೆಲೆ ಇಳಿಸುವ ನಾಟಕ ಎಂದು ಸಾಹುಕಾರ ಒಳಗೊಳಗೇ ನಕ್ಕ. ಮೀಟರಿನವರ ಹತ್ತಿರ ಮೀಟರ್ ತಿರುಗಿಸಲು ಬಂದಿದ್ದಾನೆ ಎಂದುಕೊಂಡ.

ಒಂದು ಸುತ್ತು ಹೋಗಿ ಬಂದರು. ಏನು ಹೇಳುವುದು. ಹುಟ್ಟಿದಾಗಿನಿಂದ ಇಂಥ ಓಟ ಓಡಿರಲಿಲ್ಲ ಆ ಕಾರು. ಗುಂಡಿ ಬಂದರೆ ತೇಲಿತು, ತಿರುವು ಬಂದರೆ ಬಳುಕಿತು, ಸಿಗ್ನಲ್ಲಿನಲ್ಲಿ ಬೆಕ್ಕಿನ ಮರಿಯಂತೆ ಗುರುಗುಟ್ಟಿತು. ಮಾರುವ ದಿನ ಇಷ್ಟು ಚೆನ್ನಾಗಿ ಓಡುವ ಕಾರಿನ ಮೇಲೆ ಸಾಹುಕಾರನಿಗೆ ಹೊಟ್ಟೆ ಉರಿಯಿತು. ಇಷ್ಟು ದಿನ ಬೇಕೆಂದೇ ಸತಾಯಿಸಿತ್ತು ಅನ್ನಿಸಿತು.

ಹಿಂತಿರುಗಿ ಇಳಿದ ಮೇಲೆ ಗಿರಾಕಿ ಬಾಗಿಲ ಹಿಡಿ ಸವರುತ್ತಾ ನಿಂತ.

"ಒಂದೇ ಒಂದು ಕೇಳ್ತೀನಿ ಸಾರ್. ಈ ಗಾಡಿಗಳಲ್ಲಿ ಬಾಗಿಲು ತಾನೇ ಲಾಕ್ ಆಗಿ ಒಳಗಿದ್ದೋರು ಸಿಕ್ಕಿಹಾಕ್ಕೋತಾರೆ ಅಂತಾರೆ. ಅದಾದ್ರೂ ಆಗಿದ್ಯಾ?"

"ಅಯ್ಯೋ, ಹೋದ ವಾರ ಇವರ ಮನೆಯವರು ಒಳಗೇ..." ಎಂದ ಆಂಟಿಯ ಕಾಲನ್ನು ಮೇಷ್ಟ್ರು ತುಳಿದರು.

ಗಿರಾಕಿಯ ಕಣ್ಣು ಮೊದಲ ಸಲ ಅರಳಿತು. "ಒಳಗೇ?"

ಕಟ್ಟಿದ ಸುಳ್ಳಿನ ಗೋಡೆಯಲ್ಲಿ ಒಂದು ಇಟ್ಟಿಗೆ ಜಾರುತ್ತಿತ್ತು. ಸಾಹುಕಾರ ಕೈಗೆ ಸಿಕ್ಕಿದ್ದನ್ನು ತುರುಕಿದ.

"ಅದಾ? ಬಾಗಿಲಿಗೇನೂ ಆಗಿರಲಿಲ್ಲ ಸಾರ್. ನನ್ನ ಹೆಂಡ್ತಿಗೆ ಇಂಟರ್‌ವ್ಯೂ ಇತ್ತು. ಆಸ್ಪತ್ರೆ ಬಾಗಿಲ ತನಕ ಹೋದವಳು ಹೆದರಿಕೊಂಡು ಇಳೀಲೇ ಇಲ್ಲ. ಆಮೇಲೆ ಮಾನ ಉಳಿಸ್ಕೊಳ್ಳೋಕೆ ಕಾರಿನ ಮೇಲೆ ಹಾಕಿದ್ಲು. ಹೆಂಗಸರು ನೋಡಿ."

ಮೇಷ್ಟ್ರು ನಕ್ಕರು. ಮೆಕ್ಯಾನಿಕ್ ನಕ್ಕ. ಆಂಟಿ ತುಳಿಸಿಕೊಂಡ ಕಾಲನ್ನು ಉಜ್ಜಿಕೊಳ್ಳುತ್ತಾ ನಕ್ಕರು. ಮೇಲಿನ ಬಾಲ್ಕನಿಯಲ್ಲಿ ಯಾರೋ ಒದ್ದೆ ಬಟ್ಟೆ ಕೊಡವುತ್ತಿದ್ದ ಸದ್ದು ನಿಂತಿತು.

ಗಿರಾಕಿ ನಿಟ್ಟುಸಿರು ಬಿಟ್ಟು ಚೀಲ ಹೆಗಲಿಗೇರಿಸಿದ.

"ಹಾಗಾದ್ರೆ ಬೇಡ ಬಿಡಿ ಸಾರ್."

"ಬೇಡವಾ? ಯಾಕೆ ಸಾರ್, ಇನ್ನೇನು ಬೇಕು?"

"ನನ್ನ ಹತ್ರ ಇದೇ ಗಾಡಿ ಇದೆ ಸಾರ್. ಇದೇ ಬಣ್ಣ. ಮನೆ ಮುಂದೆ ಸತ್ತು ಮಲಗಿದೆ. ಅದಕ್ಕೇ ಬಸ್ಸಲ್ಲಿ ಬಂದೆ." ಅವನು ಪಿಸುದನಿಯಲ್ಲೇ ಬಿಡಿಸಿ ಹೇಳಿದ. "ಈ ಗಾಡೀಲಿ ಎಲ್ಲಾ ಕೆಟ್ಟೇ ಕೆಡತ್ತೆ. ಯಾರೋ ಒಬ್ಬ ಪುಣ್ಯಾತ್ಮ ಅತ್ತು ಕರೆದು ಎಲ್ಲಾ ಹೊಸದು ಹಾಕಿಸಿರ್ತಾನಲ್ಲ, ಅಂಥದ್ದು ಸಿಕ್ಕಿದ್ರೆ ಕಣ್ಣು ಮುಚ್ಚಿ ತಗೊಳ್ಳೋಣ ಅಂತ ಊರೆಲ್ಲಾ ಹುಡುಕ್ತಿದೀನಿ. ನಿಮ್ಮದು ಒಂದು ದಿನವೂ ಕೆಟ್ಟಿಲ್ಲ. ಅಂದ್ರೆ ಎಲ್ಲಾ ಹಳೇದೇ. ಇನ್ಮೇಲೆ ಒಂದೊಂದಾಗಿ ಶುರುವಾಗತ್ತೆ. ಆ ಅಳು ನನಗೆ ಇನ್ನೊಂದ್ಸಲ ಬೇಡ."

ಸಾಹುಕಾರನಿಗೆ ಭೂಮಿ ಬಾಯ್ಬಿಟ್ಟಂತಾಯಿತು. ಗೇರ್ ಬಾಕ್ಸು, ಪಂಪು, ಹಿಂಭಾಗವನ್ನು ಎತ್ತಿಹಿಡಿಯುವ ಗಾಳಿಬುಗ್ಗೆಗಳು, ಎಂಜಿನ್ನಿನ ಅರ್ಧ ಹೊಟ್ಟೆ, ಎಲ್ಲವನ್ನೂ ಹೊರದೇಶದಿಂದ ತರಿಸಿ ಹಾಕಿಸಿದ್ದ. ಆ ಕಾರಿನಲ್ಲಿ ಹಳೆಯದೆಂದು ಉಳಿದದ್ದು ಓಡಿಸುವವನೊಬ್ಬನೇ.

"ಸಾರ್, ನಿಲ್ಲಿ. ಆ ಪುಣ್ಯಾತ್ಮ ನಾನೇ. ಸುಳ್ಳು ಹೇಳಿದೆ ಸಾರ್. ಎಲ್ಲಾ ಕೆಟ್ಟಿದೆ, ಎಲ್ಲಾ ಹಾಕಿಸಿದೀನಿ. ಮೇಷ್ಟ್ರೇ, ಹೇಳಿ ಇವರಿಗೆ. ಎಷ್ಟು ಸಲ ನೂಕಿದೀರಿ ನೀವು."

ಮೇಷ್ಟ್ರು ಎದೆ ಉಬ್ಬಿಸಿದರು. ಇದು ತಮ್ಮ ನಿಷ್ಠೆಯ ಪರೀಕ್ಷೆ ಎಂದು ಅವರಿಗೆ ಖಾತ್ರಿಯಾಗಿತ್ತು. "ಒಂದು ಸಲವೂ ಇಲ್ಲ."

"ಆಂಟಿ?"

"ನಮ್ಮನೆ ಮಿಕ್ಸಿಗಿಂತ ಚೆನ್ನಾಗಿ ಓಡತ್ತೆ."

ಸಾಹುಕಾರ ಒಳಗೆ ಕೈಹಾಕಿ ಟೇಪು ಕಿತ್ತ. ಹಳದಿ ದೀಪ ಆರಿಹೋಗಿತ್ತು. ಮೇಲಿನ ಗಾಜಿನ ಗುಂಡಿ ಒತ್ತಿದ, ಅದು ಲಕ್ಷಣವಾಗಿ ಮುಚ್ಚಿಕೊಂಡಿತು. ಹಿಂಭಾಗವನ್ನು ಎರಡೂ ಕೈಯಿಂದ ಒತ್ತಿದ, ಜಗ್ಗಲಿಲ್ಲ.

"ನೀನಾದ್ರೂ ಹೇಳಪ್ಪಾ," ಎಂದು ಮೆಕ್ಯಾನಿಕ್ ಕಡೆ ತಿರುಗಿದ. "ಬಾನೆಟ್ ತೆಗಿ. ಹೊಸ ಪಾರ್ಟುಗಳನ್ನ ತೋರಿಸು."

ಮೆಕ್ಯಾನಿಕ್ ಬಾನೆಟ್ಟಿಗೆ ಬೆನ್ನು ಕೊಟ್ಟು ನಿಂತ. "ತೆಗೆಯೋದು ಬೇಡ ಸಾರ್," ಎಂದು ಎಲ್ಲೋ ನೋಡುತ್ತಾ ಹೇಳಿದ. "ನಾನು ಈ ಗಾಡಿ ಮುಟ್ಟೇ ಇಲ್ಲ."

ಹೊಸದೆಂದು ಹಾಕಿದ್ದೆಲ್ಲ ನಿಜವಾಗಿ ಹೊಸದಾಗಿತ್ತೇ ಎಂಬ ಅನುಮಾನ ಸಾಹುಕಾರನಿಗೆ ಮೊದಲ ಬಾರಿಗೆ ಹೊಳೆದದ್ದು ಆಗ. ಅದನ್ನು ಯೋಚಿಸಲು ಪುರುಸೊತ್ತಿರಲಿಲ್ಲ. ಮೆಟ್ಟಿಲಿನಲ್ಲಿ ಹೆಜ್ಜೆ ಸದ್ದಾಯಿತು. ಹೆಂಡತಿ ಇಳಿದು ಬರುತ್ತಿದ್ದಳು. ಕೈಯಲ್ಲಿ ಬ್ಯಾಗು.

"ನೋಡಿ ಸಾರ್, ಇವಳೇ. ಇವಳೇ ಒಳಗೆ ಸಿಕ್ಕಿಹಾಕ್ಕೊಂಡಿದ್ದು. ಇವಳು ಜನ್ಮದಲ್ಲಿ ಸುಳ್ಳು ಹೇಳಿದವಳಲ್ಲ. ಕೇಳಿ ಬೇಕಾದ್ರೆ."

ಗಿರಾಕಿ ಅವಳ ಮುಖ ನೋಡಿದ. ಅದು ನಂಬಬಹುದಾದ ಮುಖವಾಗಿತ್ತು. "ಅಮ್ಮಾ, ನೀವು ಹೌದು ಅಂದ್ರೆ ಈಗಲೇ ತಗೊಂಡು ಹೋಗ್ತೀನಿ. ಹೋದ ವಾರ ಈ ಬಾಗಿಲು ಕೆಟ್ಟಿತ್ತಾ?"

ಅವಳು ಬ್ಯಾಗನ್ನು ಕೆಳಗಿಟ್ಟಳು. ಸಾಹುಕಾರನನ್ನು ನೋಡಿದಳು. ರಕ್ತ ತೆಗೆಯುವ ಮುಂಚೆ ನರ ಹುಡುಕುವಾಗ ನೋಡುತ್ತಾಳಲ್ಲ, ಅಷ್ಟು ನಿಧಾನವಾಗಿ. ಅವನು ಕಣ್ಣಿನಲ್ಲೇ ಕೈಮುಗಿದ. ಹೌದು ಅನ್ನು ಮಾರಾಯ್ತಿ, ಹೌದು ಅಂದರೆ ಕಾರು ಹೋಗುತ್ತದೆ, ನೀನು ಉಳಿಯುತ್ತೀಯ.

"ಬಾಗಿಲಿಗೇನೂ ಆಗಿರಲಿಲ್ಲ," ಎಂದಳು ಅವಳು. "ಇವರು ಹೇಳಿದ್ದೇ ಸರಿ. ನಾನೇ ಹೆದರಿಕೊಂಡು ಇಳೀಲಿಲ್ಲ."

ಅವಳು ಬ್ಯಾಗು ಎತ್ತಿಕೊಂಡಳು.

"ಈಗ ಹೆದರಿಕೆ ಹೋಗಿದೆ. ನೀವು ಬಸ್ ಸ್ಟಾಪ್ ಕಡೇಗಾ ಸಾರ್?"

"ಹೌದಮ್ಮಾ."

"ನಾನೂ ಅಲ್ಲಿಗೇ."

ಇಬ್ಬರೂ ಕಾರಿನ ಪಕ್ಕದ ಸಂದಿಯಲ್ಲಿ ಒಬ್ಬರ ಹಿಂದೊಬ್ಬರು ನುಸುಳಿ ಗೇಟು ದಾಟಿದರು. ಸಾಹುಕಾರ ಬಾಯಿ ತೆರೆದ. ಕರೆಯಲು ಒಂದು ನಿಜವಾದ ಮಾತು ಬೇಕಿತ್ತು, ಅವತ್ತಿನ ಮಟ್ಟಿಗೆ ಅವನ ಹತ್ತಿರ ಒಂದೂ ಉಳಿದಿರಲಿಲ್ಲ.

ಡ್ರಿಲ್ ಮೇಷ್ಟ್ರು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣು ತುಂಬಿತ್ತು.

"ಗಿರಾಕಿ ಹೋದ್ರೆ ಹೋಗ್ಲಿ ಬಿಡಿ ಸಾಹುಕಾರ್ರೇ, ಇನ್ನೊಬ್ಬ ಬರ್ತಾನೆ. ತಾಲೀಮಿಗೇ ಬರದೆ ಇದ್ದವರು ಕೂಡ ನಿಮ್ಮ ಮಾತು ಬಿಟ್ಟುಕೊಡಲಿಲ್ಲ ನೋಡಿ. ಇಂಥ ಹೆಂಡ್ತಿ ಸಿಗೋಕೆ ಪುಣ್ಯ ಮಾಡಿದ್ರಿ ನೀವು."